ಖಾಲಿ ಸೀಟಿನ ಲಾರಿ

ಯಾರಿಗೆ ಏನು ತೋರಿಸಿದರೆ ನಗು ಬರುತ್ತದೆ ಎಂದು ಹೇಳುವುದೇ ಅವಳ ಹೊಟ್ಟೆಪಾಡು. ಮನೆಮನೆಯ ಟಿವಿಗೂ ಮೊಬೈಲಿಗೂ ಸಿನಿಮಾ, ಧಾರಾವಾಹಿ ಕಳಿಸುವ ಒಂದು ಕಂಪನಿಯ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ದಿನವಿಡೀ ಜಪಾನಿನ ಅನಿಮೆ ನೋಡುತ್ತಾಳೆ. ಅದನ್ನು ಕಾರ್ಟೂನು ಎನ್ನುವ ಹಾಗಿಲ್ಲ, ಅಭಿಮಾನಿಗಳು ಮೈಮೇಲೆ ಬೀಳುತ್ತಾರೆ. ನೋಡಿದ ಮೇಲೆ ಎರಡು ಸಾಲು ಬರೆದು, ‘ಇದು ಹಿಡಿಸಿತಾ? ಹಾಗಾದರೆ ಅದನ್ನೂ ನೋಡಿ’ ಎಂದು ಜನರನ್ನು ಮುಂದಿನದಕ್ಕೆ ದಾಟಿಸಬೇಕು. ಈ ಕೆಲಸದಲ್ಲಿ ಅವಳದು ಎತ್ತಿದ ಕೈ. ಮದುವೆ ಮುರಿದವರಿಗೆ ಯಾವುದು, ಪರೀಕ್ಷೆಯಲ್ಲಿ ಡುಮ್ಕಿ ಹೊಡೆದವರಿಗೆ ಯಾವುದು, ಹಲ್ಲು ಕೀಳಿಸಿಕೊಂಡು ಬಂದವರಿಗೆ ಯಾವುದು, ಕೇಳಿದ ಕೂಡಲೇ ಹೇಳುತ್ತಾಳೆ. ಆಫೀಸಿನಲ್ಲಿ ಅವಳಿಗೆ ನಗೆಪೆಟ್ಟಿಗೆ ಎಂದು ಹೆಸರು ಬಿದ್ದಿದೆ. ಆ ಹೆಸರಿನ ಬಗ್ಗೆ ಒಳಗೊಳಗೇ ಜಂಭವೂ ಇತ್ತು.

ಅವಳ ಪಾಲಿಗೆ ಬಂದಿರುವುದು ಅನಿಮೆಯಲ್ಲೂ ಒಂದು ವಿಚಿತ್ರ ತಳಿ. ಈ ಲೋಕದಲ್ಲಿ ಯಾವ ಕೆಲಸಕ್ಕೂ ಬಾರದ ಒಬ್ಬ ಹುಡುಗ ಸತ್ತು, ಇನ್ನೊಂದು ಲೋಕದಲ್ಲಿ ಕಣ್ಣು ಬಿಡುತ್ತಾನೆ. ಅಲ್ಲಿ ಕತ್ತಿ, ಮಂತ್ರ, ಡ್ರ್ಯಾಗನ್ನು, ರಾಜಕುಮಾರಿ. ಇಂಥ ಕಥೆಗಳು ನಾಯಿಕೊಡೆಗಳಂತೆ ಎದ್ದವು. ನೋಡಿ ನೋಡಿ ಜನಕ್ಕೆ ವಾಕರಿಕೆ ಬಂದ ಮೇಲೆ ಅವನ್ನೇ ಅಣಕಿಸುವ ಕಥೆಗಳು ಹುಟ್ಟಿದವು. ಈ ಅಣಕುಗಳೇ ಅವಳ ಖಾತೆ, ಹುಚ್ಚು ಹೆಚ್ಚಾದಷ್ಟೂ ಗಿರಾಕಿ ಹೆಚ್ಚು. ಇನ್ನು ಸಾಯುವ ವಿಷಯ. ಹುಡುಗ ಸಾಯುವುದು ಹೆಚ್ಚುಕಡಿಮೆ ಯಾವಾಗಲೂ ಲಾರಿ ಗುದ್ದಿ. ಹಾರ್ನ್ ಕೇಳುತ್ತದೆ, ಪರದೆ ಬೆಳ್ಳಗಾಗುತ್ತದೆ, ಆ ಕಡೆ ಯಾರೋ ಒಬ್ಬಳು ದೇವತೆ ಉಗುರು ಕಚ್ಚುತ್ತ ಕೂತಿರುತ್ತಾಳೆ. ಆಫೀಸಿನವರು ಈ ಲಾರಿಗೆ ‘ಬಾಗಿಲು’ ಎನ್ನುತ್ತಾರೆ. ಬಾಗಿಲನ್ನು ಯಾರೂ ನೋಡುವುದಿಲ್ಲ. ಬೆರಳಿನಿಂದ ಸರಕ್ಕೆಂದು ತಳ್ಳಿ, ದೇವತೆಯಿಂದ ಶುರು ಮಾಡುತ್ತಾರೆ. ಅವಳೂ ವರ್ಷಗಳಿಂದ ತಳ್ಳುತ್ತಲೇ ಬಂದಿದ್ದಳು. ದಿನಾ ದಾಟುವ ಹೊಸ್ತಿಲನ್ನು ಯಾರು ಬಗ್ಗಿ ನೋಡುತ್ತಾರೆ?

ಅವಳ ಅಣ್ಣ ಲಾರಿ ಡ್ರೈವರ್.

ಗಾಜಿನ ಕಾರ್ಖಾನೆಯ ಲಾರಿ ಅವನದು. ಗಾಜು ತುಂಬಿದ ಗಾಡಿಯನ್ನು ಮಲಗಿದ ಮಗುವನ್ನು ಎತ್ತಿಕೊಂಡು ಹೋಗುವಂತೆ ಓಡಿಸಬೇಕು ಎನ್ನುತ್ತಿದ್ದ, ಹಾಗೆಯೇ ಓಡಿಸುತ್ತಲೂ ಇದ್ದ. ಆದರೂ ಒಂದು ಮುಸ್ಸಂಜೆ, ರಸ್ತೆ ಬದಿಗೆ ನಿಂತಿದ್ದ ಎರಡು ವ್ಯಾನುಗಳ ನಡುವಿನಿಂದ ದೀಪವಿಲ್ಲದ ಸೈಕಲ್ಲೊಂದು ನುಗ್ಗಿ ಬಂತು. ಸೈಕಲ್ ಮೇಲಿದ್ದ ಹುಡುಗನಿಗೆ ಇನ್ನೂ ಮೀಸೆ ಸರಿಯಾಗಿ ಚಿಗುರಿರಲಿಲ್ಲ. ವಿಚಾರಣೆ ನಡೆದು, ತಪ್ಪು ಡ್ರೈವರನದಲ್ಲ ಎಂದು ತೀರ್ಮಾನವಾಯಿತು. ಕಾರ್ಖಾನೆಯವರು ಕೆಲಸಕ್ಕೆ ಬಾ ಎಂದರು. ಅಣ್ಣ ಹೋಗಲಿಲ್ಲ. ರಸ್ತೆ ಕಾಣುವ ಮುಂದಿನ ಕೋಣೆಗೆ ಕಾಲಿಡುವುದನ್ನೇ ಬಿಟ್ಟ. ಅಡುಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ಗಿಡ್ಡ ಸ್ಟೂಲಿನ ಮೇಲೆ ಕೂತು ಬಟಾಣಿ ಸುಲಿಯುತ್ತಾನೆ, ಈರುಳ್ಳಿ ಹೆಚ್ಚುತ್ತಾನೆ, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಾನೆ. ಬಾಯಿಗೆ ಬೀಗ. ಏನು ಕೇಳಿದರೂ ‘ಹೂಂ’, ಇಲ್ಲವೇ ‘ಊಹೂಂ’.

“ಊರಿಗೆ ಉಪಕಾರಿ, ಮನೆಗೆ ಮಾರಿ ಆಗ್ಬೇಡ ಕಣೇ,” ಎಂದಿದ್ದಳು ಅತ್ತಿಗೆ, ಅವಳನ್ನು ಬಸ್ ಸ್ಟಾಪಿನವರೆಗೆ ಕಳಿಸಲು ಬಂದಾಗ. ಅತ್ತಿಗೆ ಒಂದು ದೊಡ್ಡ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು, ಮಾತೂ ಇಸ್ತ್ರಿಪೆಟ್ಟಿಗೆಯಷ್ಟೇ ಬಿಸಿ. “ಊರವರನ್ನೆಲ್ಲ ನಗಿಸ್ತೀಯ. ನಿಮ್ಮಣ್ಣನ್ನ ಒಂದ್ಸಲ ನಗಿಸು ನೋಡೋಣ. ಆ ಮನುಷ್ಯನ ಹಲ್ಲು ಹೇಗಿದ್ವು ಅನ್ನೋದೇ ನಂಗೆ ಮರೆತುಹೋಗಿದೆ.” ತಮಾಷೆಗೆ ಶುರುವಾದ ಮಾತು ಅಲ್ಲಿಗೆ ಬಂದು ಒಡೆದುಹೋಯಿತು. “ದಿನಾ ಸ್ವಲ್ಪ ಸ್ವಲ್ಪ ಕಮ್ಮಿ ಆಗ್ತಿದ್ದಾರೆ ಕಣೇ. ತಟ್ಟೇಲಿ ಹಾಕಿದ್ದು ಹಾಗೇ ಇರುತ್ತೆ. ಹೀಗೇ ಆದ್ರೆ ಒಂದು ದಿನ ಏಳೋದೂ ಇಲ್ಲ ಅನ್ಸುತ್ತೆ.”

ಅವಳಿಗೆ ಅಳು ಬಂತು. ಜೊತೆಗೆ ಹಠವೂ ಬಂತು. ಮುಂದಿನ ಭಾನುವಾರವೇ ಆಫೀಸಿನ ಟ್ಯಾಬ್ಲೆಟ್ ಹಿಡಿದುಕೊಂಡು ಅಣ್ಣನ ಅಡುಗೆಮನೆಯಲ್ಲಿ ಹಾಜರಾದಳು.

“ನೋಡಣ್ಣ, ಮೂರು ತಂದಿದ್ದೀನಿ,” ಎಂದು ಬಳೆ ಮಾರುವವಳಂತೆ ನೆಲದ ಮೇಲೆ ಚಕ್ಕಂಬಕ್ಕಲ ಹಾಕಿ ಕೂತಳು. “ಮೊದಲನೇದ್ರಲ್ಲಿ ಹೀರೋ ಇನ್ನೊಂದು ಲೋಕದಲ್ಲಿ ಸಿಂಹಾಸನ ಆಗಿ ಹುಟ್ತಾನೆ. ಸಿಂಹಾಸನದ ಮೇಲೆ ಕೂರೋನಲ್ಲ, ಸಿಂಹಾಸನಾನೇ ಅವನು. ರಾಜನೋ, ಕ್ವಿಂಟಾಲು ತೂಕ. ಎರಡನೇದ್ರಲ್ಲಿ ರಾಕ್ಷಸರ ರಾಜನಿಗೆ ಯುದ್ಧ ಬೇಜಾರಾಗಿ ಲಾಂಡ್ರಿ ಇಡ್ತಾನೆ. ಅದು ಅತ್ತಿಗೆಗೆ.”

“ಅವನಿಗಾದ್ರೂ ಗೊತ್ತಾಗ್ಲಿ ಬಿಡು ಕಷ್ಟ,” ಎಂದಳು ಅತ್ತಿಗೆ ಒಲೆಯ ಮುಂದಿನಿಂದ.

“ಮೂರನೇದು ಎಲ್ಲಕ್ಕಿಂತ ಹುಚ್ಚು. ಈ ಲೋಕದಿಂದ ಹೋಗಿ ಹೋಗಿ ಅಲ್ಲಿ ಹೀರೋಗಳೇ ಜಾಸ್ತಿ ಆಗ್ಬಿಟ್ಟಿದ್ದಾರೆ. ಯಾರಿಗೂ ಬಾಡಿಗೆಗೆ ಮನೆ ಸಿಗಲ್ಲ. ಮನೆ ಓನರ್ ಒಂದು ಮುದಿ ಡ್ರ್ಯಾಗನ್. ಅದು ಆಕಳಿಸಿದ್ರೆ ಬೆಂಕಿ ಬರುತ್ತೆ. ಅದಕ್ಕೇ ಬಾಡಿಗೆಯವರೆಲ್ಲ ಸರದಿ ಮೇಲೆ ಕಥೆ ಹೇಳಿ ಅದಕ್ಕೆ ನಿದ್ದೆ ಬರದ ಹಾಗೆ ನೋಡ್ಕೋಬೇಕು. ಹೊಟ್ಟೆ ಹುಣ್ಣಾಗುತ್ತೆ, ನನ್ನ ಮಾತು ನಂಬು.”

ಅಣ್ಣನ ಕೈಯಲ್ಲಿ ಬಟಾಣಿಯ ಸಿಪ್ಪೆ ಹಾಗೇ ನಿಂತಿತ್ತು. “ಡ್ರ್ಯಾಗನ್ನು ಓನರ್ರಾ?” ಎಂದ.

ಅತ್ತಿಗೆ ಸೌಟು ಹಿಡಿದೇ ತಿರುಗಿ ನೋಡಿದಳು. ಎಷ್ಟು ಕಾಲವಾಗಿತ್ತೋ ಆ ಬಾಯಿಂದ ಒಂದು ಪ್ರಶ್ನೆ ಬಂದು! ತಂಗಿಗೆ ಹಿಗ್ಗು ತಡೆಯಲಾಗಲಿಲ್ಲ. “ಹೂಂ ಅಣ್ಣ, ಅದನ್ನೇ ನೋಡು. ಮೊದಲಿಂದ ನೋಡು, ಒಂದು ನಿಮಿಷಾನೂ ಬಿಡ್ಬೇಡ,” ಎಂದು ಟ್ಯಾಬ್ಲೆಟ್ಟನ್ನು ಅವನ ಮಡಿಲಿಗಿಟ್ಟು ಬಂದಳು. ಅದು ಅವಳು ಎಲ್ಲರಿಗೂ ಹೇಳುವ ಮಾತು. ಬಾಯಿಪಾಠವಾಗಿ ಹೋಗಿತ್ತು.

ಮರುದಿನ ಮಧ್ಯಾಹ್ನ ಆಫೀಸಿನಲ್ಲಿ ಪಕ್ಕದ ಮೇಜಿನವನು, ಸೋಡಾಬುಡ್ಡಿ ಎಂದು ಎಲ್ಲರೂ ಕರೆಯುವ ದಪ್ಪ ಕನ್ನಡಕದ ಮನುಷ್ಯ, ಕತ್ತು ಚಾಚಿದ. “ಪೆಟ್ಟಿಗೆ, ಹೊಸದೊಂದು ಬಂದಿದೆ. ಹೀರೋ ಅಲ್ಲಿ ಹೋಗಿ ಉಪ್ಪಿನಕಾಯಿ ಜಾಡಿ ಆಗ್ತಾನೆ. ಒಂದು ಸಾಲು ಹೇಳು, ನಂಗೆ ತೋಚ್ತಿಲ್ಲ.”

“ಬರ್ಕೋ,” ಎಂದಳು ಅವಳು ಪರದೆಯಿಂದ ಕಣ್ಣು ತೆಗೆಯದೆ. “ಲಾರಿ ಗುದ್ದಿದ್ದೇ ಅವನ ಅದೃಷ್ಟ...”

ಅಷ್ಟಕ್ಕೇ ನಾಲಿಗೆ ನಿಂತುಹೋಯಿತು. ಡ್ರ್ಯಾಗನ್ ಕಥೆಯ ಮೊದಲ ಕಂತನ್ನು ತೆರೆದು, ಈ ಸಲ ತಳ್ಳದೆ ನೋಡಿದಳು. ಮುಸ್ಸಂಜೆಯ ಬೀದಿ. ಒಬ್ಬ ಹುಡುಗ ಸಿಳ್ಳೆ ಹಾಕುತ್ತ ಸೈಕಲ್ ತುಳಿಯುತ್ತಿದ್ದ. ಈ ಕಥೆಯ ಹುಡುಗನೂ ಸೈಕಲ್ಲಿನ ಮೇಲಿದ್ದ ಎಂಬುದೇ ಅವಳಿಗೆ ಇಂದಿನವರೆಗೆ ಗೊತ್ತಿರಲಿಲ್ಲ. ಆಮೇಲೆ ಹಾರ್ನ್, ಎರಡು ದೀಪ, ಬಿಳಿ ಪರದೆ. ಅದರ ಕೆಳಗೆ ಅವಳೇ ಬರೆದ ಸಾಲು ನಗುತ್ತಿತ್ತು: ‘ಒಂದು ಲಾರಿ, ಒಂದು ಡ್ರ್ಯಾಗನ್, ಸಾವಿರ ನಗು!’

ಅಣ್ಣನಿಗೆ ಫೋನ್ ಮಾಡಿದಳು, ಎತ್ತಲಿಲ್ಲ. ಅತ್ತಿಗೆಗೆ ಮಾಡಿದಳು; ಲಾಂಡ್ರಿಯ ಯಂತ್ರಗಳ ಗದ್ದಲದಲ್ಲಿ ಫೋನ್ ಯಾರಿಗೆ ಕೇಳುತ್ತದೆ? ಚೀಲವನ್ನೂ ಮರೆತು ಓಡಿದಳು. ಬಸ್ಸಿನಲ್ಲಿ ಕಂಬ ಹಿಡಿದು ನಿಂತವಳಿಗೆ ತನ್ನ ಮೇಲೇ ಹೇಸಿಗೆ ಹುಟ್ಟಿತು. ಗಾಯದ ಮೇಲೆ ಬರೆ ಎಳೆಯುತ್ತಾರೆ ಎಂದು ಕೇಳಿದ್ದಳು. ಇವಳೋ ಬರೆಯನ್ನು ಕಾಯಿಸಿ, ಹೊಟ್ಟೆ ಹುಣ್ಣಾಗುವಷ್ಟು ನಗುತ್ತೀಯ ಎಂದು ಮಾತು ಕೊಟ್ಟು ಎಳೆದಿದ್ದಳು. ಅಣ್ಣ ಏನಾದರೂ ಮಾಡಿಕೊಂಡಿದ್ದರೆ? ಅದಕ್ಕಿಂತ ಮುಂದೆ ಯೋಚಿಸಲು ಅವಳಿಗೆ ಧೈರ್ಯ ಬರಲಿಲ್ಲ.

ಮನೆಯ ಕದ ಹಾಕಿರಲಿಲ್ಲ. ಅಡುಗೆಮನೆಯ ಸ್ಟೂಲು ಖಾಲಿ. ಬಟಾಣಿ ಪಾತ್ರೆಯಲ್ಲೇ ಇತ್ತು. “ಅಣ್ಣಾ!” ಎಂದು ಕೂಗಿದ ದನಿಯ ಗುರುತು ಅವಳಿಗೇ ಸಿಗಲಿಲ್ಲ.

“ಇಲ್ಲಿದ್ದೀನಿ ಪುಟ್ಟಿ,” ಎಂದ ಅಣ್ಣ.

ಮುಂದಿನ ಕೋಣೆಯಲ್ಲಿ, ರಸ್ತೆಯ ಕಡೆಯ ಕಿಟಕಿಯ ಪಕ್ಕ ಕೂತಿದ್ದ. ಮಡಿಲಲ್ಲಿ ಟ್ಯಾಬ್ಲೆಟ್. ಪರದೆಯ ಮೇಲೆ ಲಾರಿ ನಿಂತಿತ್ತು. ಬಿಳಿಯಾಗುವ ಮುಂಚಿನ ಆ ಒಂದು ಚಿತ್ರವನ್ನು ಅವನು ಹಿಡಿದು ನಿಲ್ಲಿಸಿದ್ದ.

ಅವಳು ಅವನ ಕಾಲ ಬಳಿ ಕೂತಳು. “ತಪ್ಪಾಯ್ತಣ್ಣ. ನಾವು ಅದನ್ನ ನೋಡೋದೇ ಇಲ್ಲ, ತಳ್ಳಿಬಿಡ್ತೀವಿ. ಅದು ಅಲ್ಲಿದೆ ಅನ್ನೋದೇ ನನ್ನ ತಲೇಲಿರಲಿಲ್ಲ. ಕೊಡು ಇಲ್ಲಿ, ಅಳಿಸಿ ಹಾಕ್ತೀನಿ.”

ಅಣ್ಣ ಕೊಡಲಿಲ್ಲ. “ಪೂರ್ತಿ ನೋಡ್ದೆ,” ಎಂದ. “ಡ್ರ್ಯಾಗನ್ ಚೆನ್ನಾಗಿದೆ. ಅದಕ್ಕೆ ನೆಗಡಿ ಆಗೋ ಭಾಗದಲ್ಲಿ ನಗು ಬಂದ್ಬಿಡ್ತು. ನಕ್ಕೆ. ನಕ್ಕಿದ್ದಕ್ಕೆ ಮೈಯೆಲ್ಲ ಬೆವರು ಬಂತು, ಎದ್ದು ಹೋಗಿ ವಾಂತಿ ಮಾಡ್ಕೊಂಡೆ.” ಬೆರಳಿನಿಂದ ಪರದೆಯ ಮೇಲಿನ ಲಾರಿಯ ಗಾಜನ್ನು ಮುಟ್ಟಿದ. “ಇಲ್ಲಿ ನೋಡು. ಸೀಟಲ್ಲಿ ಯಾರೂ ಇಲ್ಲ.”

ಅವಳು ನೋಡಿದಳು. ಹೌದು, ಚಿತ್ರ ಬರೆದವನು ಗಾಜಿನ ಮೇಲೆ ಒಂದು ಹೊಳಪು ಎಳೆದು ಕೈಬಿಟ್ಟಿದ್ದ. ಸ್ಟೀರಿಂಗಿನ ಹಿಂದೆ ಒಂದು ನೆರಳೂ ಇರಲಿಲ್ಲ.

“ಬ್ರೇಕ್ ಹಾಕಿದ ಸದ್ದೂ ಇಲ್ಲ,” ಎಂದ ಅಣ್ಣ. “ಬೇರೆದ್ರಲ್ಲಿ ಹೇಗೆ? ನೀನು ಅಷ್ಟೊಂದು ನೋಡಿದ್ದೀಯಲ್ಲ. ಡ್ರೈವರ್ ಇರೋದು ಯಾವುದಾದ್ರೂ ಇದ್ರೆ ಹೇಳು. ಅವನು ಗಾಡಿ ನಿಲ್ಸಿ ಕೆಳಗೆ ಇಳೀಬೇಕು. ಅಂಥದ್ದು.”

ಕೇಳಿದ ಕೂಡಲೇ ಹೇಳುವವಳು ಅವಳು. ಮನಸ್ಸಿನಲ್ಲೇ ಒಂದೊಂದಾಗಿ ತೆರೆದು ನೋಡಿದಳು. ಸಿಂಹಾಸನ, ಲಾಂಡ್ರಿ, ಜಾಡಿ. ಹುಡುಗ ಏನೇನೋ ಆಗಿ ಹುಟ್ಟುತ್ತಿದ್ದ, ದೇವತೆಗಳು ಬಗೆಬಗೆಯಾಗಿ ಆಕಳಿಸುತ್ತಿದ್ದರು. ಲಾರಿಯಿಂದ ಮಾತ್ರ ಯಾರೂ ಇಳಿದಿರಲಿಲ್ಲ.

“ಇಲ್ಲ ಅಣ್ಣ. ಒಂದೂ ಇಲ್ಲ.”

“ನಾನು ಇಳಿದೆ,” ಎಂದ ಅಣ್ಣ. ಆಮೇಲೆ ಮಾತು ತಾನಾಗಿ ಬಂತು. “ಇಳಿದು ಓಡಿದೆ. ಅವನ ತಲೆ ನನ್ನ ತೊಡೆ ಮೇಲೆ ಇಟ್ಕೊಂಡೆ. ರಕ್ತ ಅಷ್ಟೊಂದು ಕಾಣ್ತಿರಲಿಲ್ಲ, ಬದುಕ್ತಾನೆ ಅಂದ್ಕೊಂಡೆ. ಕಣ್ಣು ಬಿಟ್ಟು ಮೊದಲು ಸೈಕಲ್ ಕಡೆ ನೋಡ್ದ. ಚಕ್ರ ಸೊಟ್ಟಗಾಗಿತ್ತು. ‘ಅಮ್ಮಂಗೆ ಹೇಳ್ಬೇಡಿ ಅಂಕಲ್, ಬೈತಾಳೆ’ ಅಂದ. ನಾನು, ‘ಹೇಳಲ್ಲ ಮಗಾ’ ಅಂದೆ. ಅಷ್ಟೇ. ಆಮೇಲೆ ಅವನು ಮಾತಾಡ್ಲಿಲ್ಲ.”

ಹೊರಗೆ ರಸ್ತೆಯಲ್ಲಿ ಯಾವುದೋ ಗಾಡಿ ಹೋಯಿತು. ಅಣ್ಣ ಬೆಚ್ಚಿದ, ಆದರೆ ಏಳಲಿಲ್ಲ.

“ವಿಚಾರಣೆ ದಿನ ಅವನ ತಾಯಿ ಹತ್ರ ಬಂದ್ಳು. ‘ನನ್ನ ಮಗ ಏನಾದ್ರೂ ಹೇಳಿದ್ನಾ’ ಅಂತ ಕೇಳಿದ್ಳು. ಊಹೂಂ ಅಂತ ತಲೆ ಆಡಿಸ್ದೆ. ಮಾತು ಕೊಟ್ಟಿದ್ನಲ್ಲ. ಸಾಯೋ ಮಗುವಿಗೆ ಕೊಟ್ಟ ಮಾತು. ಅವತ್ತಿಂದ ಬಾಯಿ ತೆಗೆದ್ರೆ ಅದೇ ಹೊರಗೆ ಬರುತ್ತೇನೋ ಅಂತ ಭಯ.” ಅವನು ತಂಗಿಯ ಮುಖ ನೋಡಿದ. “ನೀನು ಎಲ್ರಿಗೂ ಹೇಳ್ತೀಯಲ್ಲ ಪುಟ್ಟಿ, ನಂಗೂ ಹೇಳು. ಆ ತಾಯಿಗೆ ಹೇಳ್ಲಾ, ಬೇಡ್ವಾ?”

ಹೇಳಿದರೆ, ಮಗನ ಕೊನೆಯ ಮಾತು ತನ್ನ ಬೈಗುಳದ ಭಯ ಎಂದು ಆ ತಾಯಿ ಬದುಕಿರುವವರೆಗೆ ಹೊರಬೇಕು. ಹೇಳದಿದ್ದರೆ ಇಲ್ಲಿ ಅಣ್ಣ ದಿನಾ ಸ್ವಲ್ಪ ಸ್ವಲ್ಪ ಕಡಿಮೆಯಾಗುತ್ತಾನೆ.

“ನಂಗೆ ಗೊತ್ತಾಗ್ತಿಲ್ಲ ಅಣ್ಣ,” ಎಂದಳು. “ನನ್ನ ಸಲಹೆ ಹೇಗಿರುತ್ತೆ ಅಂತ ನೀನೇ ನೋಡಿದ್ಯಲ್ಲ. ಎಲ್ಲಿಗೆ ಹೋದ್ರೂ ಜೊತೆಗೆ ಬರ್ತೀನಿ. ಅಷ್ಟು ಮಾತ್ರ ಹೇಳಬಲ್ಲೆ.”

ಅಣ್ಣ ಕಿಟಕಿಯ ಆಚೆ ನೋಡಿದ. “ಕೇಳಿದವಳು ತಾಯಿ. ಹೇಳ್ಬೇಕು,” ಎಂದ. ಎದ್ದು ಗೂಟದ ಮೇಲಿನ ಅಂಗಿ ತೊಟ್ಟುಕೊಂಡ. ಅಂಗಿ ಈಗ ಅವನಿಗೆ ದೊಡ್ಡದಾಗಿತ್ತು.

ಸೇತುವೆ ದಾಟಿ ಆಚೆ ಬೀದಿಯವರೆಗೆ ನಡೆದೇ ಹೋದರು. ಲಾರಿ ಬಂದಾಗಲೆಲ್ಲ ಅಣ್ಣ ಗೋಡೆಗೆ ಒತ್ತಿಕೊಂಡು ನಿಲ್ಲುತ್ತಿದ್ದ, ಅವಳು ಅವನ ಕೈ ಹಿಡಿದು ಕಾಯುತ್ತಿದ್ದಳು. ವಿಚಾರಣೆಯಲ್ಲಿ ಕೇಳಿದ್ದ ವಿಳಾಸ ಅವನಿಗೆ ಬಾಯಲ್ಲೇ ಇತ್ತು.

ಕದ ತೆಗೆದವಳು ತಾಯಿಯೇ. ಕೈಯಲ್ಲಿ ಅರ್ಧ ಮಡಚಿದ ಟವೆಲ್ಲಿತ್ತು. ಅಣ್ಣನ ಗುರುತು ಹತ್ತಿತು ಎಂಬುದು ಮುಖದಲ್ಲೇ ಕಂಡಿತು.

“ಅಮ್ಮ, ಅವತ್ತು ನೀವು ಕೇಳಿದ್ರಿ. ನಾನು ಸುಳ್ಳು ಹೇಳ್ದೆ,” ಎಂದ ಅಣ್ಣ. “ಅವನು ಮಾತಾಡಿದ್ದ. ಸೊಟ್ಟಗಾದ ಚಕ್ರ ನೋಡಿ, ‘ಅಮ್ಮಂಗೆ ಹೇಳ್ಬೇಡಿ, ಬೈತಾಳೆ’ ಅಂದ. ಹೇಳಲ್ಲ ಅಂತ ಮಾತು ಕೊಟ್ಟಿದ್ದೆ. ಈಗ ಮಾತು ಮುರೀತಿದ್ದೀನಿ.”

ತಾಯಿ ಟವೆಲ್ಲನ್ನು ಹಿಂಡಿದಳು. ಒಣಗಿದ ಟವೆಲ್ಲು, ಹಿಂಡಲು ಅದರಲ್ಲಿ ಏನೂ ಇರಲಿಲ್ಲ. ಬರಬಾರದಿತ್ತು, ಹೇಗಾದರೂ ತಡೆಯಬೇಕಿತ್ತು ಎಂದು ತಂಗಿಗೆ ಅನ್ನಿಸಿತು.

“ಬೈತಿದ್ದೆ,” ಎಂದಳು ತಾಯಿ ಮೆಲ್ಲಗೆ. “ಹೌದು, ಬೈತಿದ್ದೆ. ಬೈಯದೆ ಬಿಡ್ತಿದ್ನಾ?” ದನಿ ಏರಿತು. “ಸೈಕಲ್‌ಗೆ ದೀಪ ಹಾಕಿಸ್ಕೋ, ದೀಪ ಹಾಕಿಸ್ಕೋ ಅಂತ ಎಷ್ಟು ಸಲ ಬಡ್ಕೊಂಡೆ? ಕಿವಿ ಮೇಲೆ ಹಾಕ್ಕೊಂಡ್ಯಾ? ಕತ್ತಲಾಗೋದ್ರೊಳಗೆ ಬಾ ಅಂದ್ರೆ ಬಂದ್ಯಾ? ಊಟ ಆರಿ ಹೋಯ್ತು, ದಾರಿ ನೋಡಿ ನೋಡಿ ನನ್ನ ಕಣ್ಣು ಸೋತು ಹೋಯ್ತು. ಚಕ್ರ ಸೊಟ್ಟಗಾದ್ರೆ ಹೋಗ್ಲಿ, ಹಾಳಾದ ಚಕ್ರ! ಬಂದು ಬೈಸ್ಕೋಬಾರ್ದಾ? ಒಂದು ಗಳಿಗೆ ಬೈಸ್ಕೊಂಡ್ರೆ ನಿನ್ನ ಗಂಟೇನು ಹೋಗ್ತಿತ್ತೋ?”

ಕಣ್ಣು ಅಣ್ಣನ ಮೇಲಿದ್ದರೂ ಅವಳು ಅವನನ್ನು ನೋಡುತ್ತಿರಲಿಲ್ಲ. ಅಣ್ಣ ಆ ಹೊಸ್ತಿಲ ಮುಂದೆ ಕೈಕಟ್ಟಿ, ತಲೆ ತಗ್ಗಿಸಿ, ತಪ್ಪು ಮಾಡಿ ಬಂದ ಹುಡುಗನಂತೆ ನಿಂತು ಒಂದೊಂದು ಮಾತನ್ನೂ ಕೇಳಿಸಿಕೊಂಡ. ಅಕ್ಕಪಕ್ಕದ ಕಿಟಕಿಗಳು ತೆರೆದವು. ಅವನು ಅಲುಗಲಿಲ್ಲ. ಬೈದು ಬೈದು ದನಿ ಒಡೆದು, ಕೊನೆಗೆ ತಾಯಿ ಅವನ ಅಂಗಿಯ ತೋಳನ್ನು ಹಿಡಿದು ಅಲ್ಲಾಡಿಸಿದಳು.

“ಇನ್ನೊಂದ್ಸಲ ಹೀಗೆ ಮಾಡ್ತೀಯಾ? ಹೇಳು, ಮಾಡ್ತೀಯಾ?”

“ಇಲ್ಲಮ್ಮ,” ಎಂದ ಅಣ್ಣ.