ಅಳುವ ದೃಶ್ಯ

“ಮೈನ್ ಸ್ವಿಚ್ ಆಫ್ ಉಂಟಲ್ವಾ ಆಸ್ಯಮ್ಮ? ಯಾರಾದ್ರೂ ಹಾಕಿಬಿಟ್ರೆ ನಾನು ಇಲ್ಲೇ ಸುಟ್ಟ ಬಂಗುಡೆ ಮೀನು ಆಗ್ತೇನೆ.”

“ನಾನು ಅದರ ಬುಡದಲ್ಲೇ ನಿಂತಿದ್ದೇನೆ ಮೋಳೇ. ಯಾರು ಬರ್ತಾರೆ ನೋಡುವ. ನೀನು ಮಾಡು.”

ದೀಕ್ಷಿತಾ ಸ್ಟೂಲಿನ ಮೇಲೆ ನಿಂತು ಅಡುಗೆಮನೆಯ ಸ್ವಿಚ್‌ಬೋರ್ಡನ್ನು ಬಿಚ್ಚಿದಳು. ಒಳಗೆ ಇರುವೆಗಳು ಮಣ್ಣು ತಂದು ತುಂಬಿದ್ದವು. ಮಿಕ್ಸಿಗೆ ಹೋಗುವ ವೈರಿನ ತುದಿ ಕರಟಿ ಕಪ್ಪಾಗಿತ್ತು. ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಮಣ್ಣು ಉದುರಿಸಿ, ಸುಟ್ಟ ತುದಿಯನ್ನು ಕತ್ತರಿಸಿ, ಹೊಸದಾಗಿ ಹೆರೆದು ಸ್ಕ್ರೂ ಬಿಗಿ ಮಾಡತೊಡಗಿದಳು. ಐಟಿಐ ಮುಗಿಸಿ ಎರಡು ವರ್ಷದಿಂದ ಸುಳ್ಯದ ಮನೆಮನೆಗಳಲ್ಲಿ ಅವಳು ಮಾಡುತ್ತಿದ್ದದ್ದು ಇದೇ ಕೆಲಸ. ಫ್ಯಾನು, ಗ್ರೈಂಡರು, ಟ್ಯೂಬ್‌ಲೈಟು, ನೀರು ಕಾಯಿಸುವ ಕಾಯಿಲ್. ಹೆಂಗಸರು ಮಾತ್ರ ಇರುವ ಮನೆಗಳವರು ಅವಳನ್ನೇ ಕರೆಯುತ್ತಿದ್ದರು.

“ನನ್ನ ತಮ್ಮ ನಿನ್ನೆ ಪುನಃ ಕೇಳಿದ,” ಎಂದರು ಆಸ್ಯಮ್ಮ. ಅವರ ತಮ್ಮ ಹಕೀಮ್ ಪುತ್ತೂರಿನಲ್ಲಿ ಪಂಪ್ ವೈಂಡಿಂಗ್ ವರ್ಕ್‌ಶಾಪ್ ಇಟ್ಟವರು. “ಒಂದನೇ ತಾರೀಕಿಗೆ ಬರ್ತಾಳಾ ಇಲ್ವಾ ಅಂತ. ನಿನ್ನ ಅಪ್ಪನಿಗೆ ಹೇಳಿದೆಯಾ?”

“ಇಲ್ಲ. ಹೇಳ್ತೇನೆ.”

ಆಗಲೇ ಮೊಬೈಲ್ ಹೊಡೆದುಕೊಂಡಿತು. ಅಪ್ಪ. ಹಿಂದಿನಿಂದ ಬಸ್ಸಿನ ಸದ್ದು.

“ದೀಕ್ಷೂ, ಕೃಷ್ಣಮೋಹನ ಸರ್ ಫೋನ್ ಮಾಡಿದ್ರು! ಹೊಸ ಪಿಚ್ಚರ್ ಮಾಡ್ತಾರಂತೆ. ನಿನಗೆ ಹೀರೋಯಿನ್ನಿನ ತಂಗಿಯ ಪಾತ್ರ. ಒಂದನೇ ತಾರೀಕಿನಿಂದ ನಲ್ವತ್ತು ದಿನ ಶೂಟಿಂಗ್. ಈ ಆದಿತ್ಯವಾರ ಕಲ್ಲುಗುಂಡಿ ಹೊಳೆಗೆ ಜಾಗ ನೋಡ್ಲಿಕ್ಕೆ ಬರ್ತಾರೆ, ನಾವೂ ಹೋಗುದು. ನಾನು ರಜೆ ಹಾಕಿ ಆಯ್ತು!”

ಅವಳು ಏನಾದರೂ ಹೇಳುವ ಮೊದಲೇ ಯಾರೋ ಚಿಲ್ಲರೆ ಕೇಳಿದರು. ಫೋನ್ ಕಟ್ ಆಯಿತು.

“ಎಂತ ಮೋಳೇ, ಮುಖ ಹಾಗೆ ಮಾಡಿದೆ?”

“ಎಂತ ಇಲ್ಲ. ಮೈನ್ ಹಾಕಿ.”

ಹನ್ನೊಂದು ವರ್ಷಗಳ ಹಿಂದೆ, ದೀಕ್ಷಿತಾ ನಾಲ್ಕನೇ ಕ್ಲಾಸಿನಲ್ಲಿದ್ದಾಗ, ಮಂಡೆಕೋಲಿನಲ್ಲಿ ಕೃಷ್ಣಮೋಹನರ ಮೊದಲ ಚಿತ್ರದ ಶೂಟಿಂಗ್ ನಡೆದಿತ್ತು. ಶಾಲೆಯ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ ಅವರು ಆರಿಸಿದ್ದು ಇವಳನ್ನು. ಎರಡು ದಿನ ಎಲ್ಲ ಚೆನ್ನಾಗಿತ್ತು. ಮೂರನೆಯ ದಿನ, ಹೊರಟು ಹೋಗುವ ಬಸ್ಸನ್ನು ನೋಡಿ ಅಳುವ ದೃಶ್ಯ. ಕಣ್ಣಿಗೆ ಗ್ಲಿಸರಿನ್ ಹಾಕಿದರೆ ಅವಳಿಗೆ ಉರಿಯ ಜೊತೆಗೆ ನಗುವೂ ಬರುತ್ತಿತ್ತು. ಸಂಜೆಯಾಗುತ್ತ ಬಂದರೂ ಶಾಟ್ ಓಕೆ ಆಗಲಿಲ್ಲ. ಕೊನೆಗೆ ಕೃಷ್ಣಮೋಹನ ಅವಳ ಹತ್ತಿರ ಬಂದರು. ಒಂದು ಮೊಣಕಾಲು ನೆಲಕ್ಕೂರಿ ಕೂತು, ಅವಳ ಹೆಗಲ ಮೇಲೆ ಕೈಯಿಟ್ಟು, ಸಣ್ಣ ಸ್ವರದಲ್ಲಿ, “ಪುಟ್ಟಿ, ನಿನಗೊಂದು ವಿಷಯ ಹೇಳ್ಬೇಕು. ನಿನ್ನ ಅಪ್ಪನ ಬಸ್ಸು ಸಂಪಾಜೆ ಘಾಟಿಯಲ್ಲಿ ಕೆಳಗೆ ಬಿದ್ದಿದೆಯಂತೆ. ಯಾರೂ ಉಳಿದಿಲ್ಲವಂತೆ,” ಎಂದರು. ಅಪ್ಪ ದೇವದಾಸ ಆಗ ಪುತ್ತೂರು–ಮಡಿಕೇರಿ ಸರಕಾರಿ ಬಸ್ಸಿನ ಕಂಡಕ್ಟರ್.

ಕ್ಯಾಮೆರಾ ಓಡುತ್ತಲೇ ಇತ್ತು. ಕಟ್ ಎಂದ ಮೇಲೆ ಎಲ್ಲರೂ ಚಪ್ಪಾಳೆ ತಟ್ಟಿದರು. ಕೃಷ್ಣಮೋಹನ ಅವಳನ್ನು ಎತ್ತಿಕೊಂಡು, “ಸುಳ್ಳು ಸುಳ್ಳು, ಎಲ್ಲ ಸುಳ್ಳು. ಇದನ್ನು ಮನೆಯಲ್ಲಿ ಹೇಳ್ಬಾರ್ದು ಆಯ್ತಾ, ಅವರಿಗೆ ಅರ್ಥ ಆಗುದಿಲ್ಲ,” ಎಂದು ದೊಡ್ಡ ಚಾಕೊಲೇಟ್ ಕೊಟ್ಟರು.

ಆ ವರ್ಷ ಅವಳಿಗೆ ರಾಜ್ಯದ ಅತ್ಯುತ್ತಮ ಬಾಲನಟಿ ಪ್ರಶಸ್ತಿ ಬಂತು. ಬೆಂಗಳೂರಿನ ವೇದಿಕೆಯ ಮೇಲೆ ಅವಳು ಪ್ರಶಸ್ತಿ ಹಿಡಿದು ನಿಂತ ಫೋಟೋ ಮನೆಯ ಚಾವಡಿಯಲ್ಲಿ ಒಂದು, ಅಪ್ಪನ ಪರ್ಸಿನಲ್ಲಿ ಒಂದು. ಪರಿಚಯದ ಪ್ರಯಾಣಿಕರು ಸಿಕ್ಕಿದರೆ ದೇವದಾಸ ಟಿಕೆಟ್ ಕೊಡುವ ಮೊದಲು ಫೋಟೋ ತೋರಿಸುತ್ತಿದ್ದ. ಮದುವೆ ಮನೆಗಳಲ್ಲಿ ನೆಂಟರು ಅವಳನ್ನು ಹಿಡಿದು ನಿಲ್ಲಿಸಿ, “ಒಮ್ಮೆ ಅತ್ತು ತೋರಿಸು ನೋಡುವ,” ಎನ್ನುತ್ತಿದ್ದರು. ಮತ್ತೆ ಎರಡು ಚಿತ್ರಗಳಿಗೆ ಕರೆ ಬಂದಿತ್ತು. ಎರಡು ಸಲವೂ ಹೊರಡುವ ದಿನ ಅವಳಿಗೆ ಜ್ವರ ಬಂತು. ಆಮೇಲೆ ಯಾರೂ ಕರೆಯಲಿಲ್ಲ. ದೇವದಾಸ ಮಾತ್ರ ಕಾಯುತ್ತಿದ್ದ.

ಆದಿತ್ಯವಾರ ಅವನು ಬೆಳಿಗ್ಗೆಯೇ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ ತಯಾರಾಗಿದ್ದ. ಅಮ್ಮ ತೃಪ್ತಿಗೆ ಸ್ವಸಹಾಯ ಸಂಘದ ಸಭೆ ಇತ್ತು. ಅವಳು ನಾಲ್ಕು ಡಬ್ಬಿಯ ಕ್ಯಾರಿಯರಿನಲ್ಲಿ ನೀರುದೋಸೆ, ಕೋಳಿಸಾರು ತುಂಬಿಸಿ, “ಸರ್‌ಗೂ ಬಡಿಸಿ,” ಎಂದು ಗಂಡ, ಮಗಳನ್ನು ಕಳಿಸಿದಳು. ಬಸ್ಸಿನಲ್ಲಿ ದೀಕ್ಷಿತಾ ಎರಡು ಸಲ ಬಾಯಿ ತೆರೆದಳು. ಎರಡು ಸಲವೂ ಅಪ್ಪನ ಮುಖ ನೋಡಿ ಸುಮ್ಮನಾದಳು.

ಕಲ್ಲುಗುಂಡಿಯಲ್ಲಿ ಡಿಸೆಂಬರಿನ ಪಯಸ್ವಿನಿ ಹೊಳೆ ಮೊಣಕಾಲಿನಷ್ಟು ಆಳದಲ್ಲಿ ತೆಳ್ಳಗೆ ಹರಿಯುತ್ತಿತ್ತು. ನೀರೊಳಗಿನ ಒಂದೊಂದು ಕಲ್ಲೂ ಕಾಣುತ್ತಿತ್ತು. ಕೃಷ್ಣಮೋಹನ ತಮ್ಮ ಕಾರಿನಲ್ಲಿ ಬಂದರು. ಗಡ್ಡ ನರೆತಿತ್ತು, ಮಾತು ಹಿಂದಿನ ಹಾಗೆಯೇ ಸಿಹಿ. ಜೊತೆಗೆ ಪ್ರೀತಿಕಾ ಎಂಬ ಎಂಟು ವರ್ಷದ ಹುಡುಗಿ ಮತ್ತು ಅವಳ ತಾಯಿ ಅಕ್ಷಿತಾ. ಹೊಸ ಚಿತ್ರದ ಬಾಲನಟಿ ಆ ಹುಡುಗಿ. ಎಲ್ಲರೂ ದೊಡ್ಡ ಬಂಡೆಯ ಮೇಲೆ ಕೂತು ಊಟ ಮಾಡಿದರು. ಕೃಷ್ಣಮೋಹನ ಕೋಳಿಸಾರನ್ನು ಎರಡೆರಡು ಸಲ ಹಾಕಿಸಿಕೊಂಡರು. ಪ್ರೀತಿಕಾ ದೋಸೆಯ ಚೂರುಗಳನ್ನು ನೀರಿಗೆ ಹಾಕಿ, ಮುತ್ತಿಕೊಂಡ ಮೀನುಗಳನ್ನು ನೋಡಿ ಕಿರುಚಾಡಿದಳು. ದೇವದಾಸನಿಗೆ ಮಾತು ಹೆಚ್ಚಾಗಿತ್ತು. ಅವನು ಅಷ್ಟು ನಗುವುದನ್ನು ದೀಕ್ಷಿತಾ ನೋಡದೆ ಬಹಳ ದಿನವಾಗಿತ್ತು.

ಊಟವಾದ ಮೇಲೆ ಕೃಷ್ಣಮೋಹನ ಸಣ್ಣ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಸಿಕ್ಕಿಸಿದರು. “ಒಂದು ಟೆಸ್ಟ್ ಮಾಡುವ. ಈ ಮಗುವಿಗೆ ಎಲ್ಲ ಬರ್ತದೆ, ಅಳು ಮಾತ್ರ ಬರುದಿಲ್ಲ. ದೀಕ್ಷಿತಾ, ನೀನು ಸ್ವಲ್ಪ ಹೇಳಿಕೊಡು. ಪ್ರಶಸ್ತಿ ಗೆದ್ದವಳಲ್ವಾ?”

ಪ್ರೀತಿಕಾ ಮುಖ ಕಿವಿಚಿ ಊಂ ಊಂ ಎಂದಳು. ಆಮೇಲೆ ಬೆರಳುಗಳ ಸಂದಿಯಿಂದ ಇಣುಕಿ ನಕ್ಕುಬಿಟ್ಟಳು. ನಾಲ್ಕು ಸಲ ಹಾಗೆಯೇ ಆಯಿತು. ಕೃಷ್ಣಮೋಹನ ಗಡಿಯಾರ ನೋಡಿಕೊಂಡರು.

“ಮೇಡಂ, ನೀವು ಸ್ವಲ್ಪ ಹೊತ್ತು ಕಾರಿನ ಹತ್ತಿರ ಇರ್ತೀರಾ? ಅಮ್ಮ ಎದುರಿದ್ರೆ ಮಕ್ಕಳಿಗೆ ಮೂಡ್ ಬರುದಿಲ್ಲ.”

ಅಕ್ಷಿತಾ ದಡ ಹತ್ತಿ ಹೋದಳು. ಕೃಷ್ಣಮೋಹನ ಕ್ಯಾಮೆರಾದ ಗುಂಡಿ ಒತ್ತಿ ಬಂದು, ಮರಳಿನ ಮೇಲೆ ಒಂದು ಮೊಣಕಾಲೂರಿ ಕೂತರು. ಹುಡುಗಿಯ ಹೆಗಲ ಮೇಲೆ ಕೈಯಿಟ್ಟರು.

“ಪುಟ್ಟಿ, ನಿನಗೊಂದು ವಿಷಯ ಹೇಳ್ಬೇಕು…”

“ಸರ್, ಹೇಳ್ಬೇಡಿ.”

ತನ್ನ ಸ್ವರ ಅಷ್ಟು ಗಟ್ಟಿಯಾಗಿ ಬಂದದ್ದು ದೀಕ್ಷಿತಾಳಿಗೇ ಆಶ್ಚರ್ಯವಾಯಿತು. ಅವಳು ಹೋಗಿ ಪ್ರೀತಿಕಾಳ ಕೈ ಹಿಡಿದು ದಡದ ಕಡೆಗೆ ತಿರುಗಿಸಿದಳು. “ನೋಡು, ನಿನ್ನ ಅಮ್ಮ ಅಲ್ಲೇ ಇದ್ದಾರೆ. ಕೈ ಮಾಡು.” ಹುಡುಗಿ ಕೈ ಬೀಸಿದಳು. ಮೇಲಿನಿಂದ ಅಕ್ಷಿತಾ ಕೂಡ ಬೀಸಿದಳು. “ಇನ್ನು ಅಮ್ಮನ ಹತ್ತಿರ ಓಡು.”

“ಎಂತ ದೀಕ್ಷಿತಾ ಇದು?” ಕೃಷ್ಣಮೋಹನ ಎದ್ದು ನಿಂತರು.

“ನನಗೆ ಹೇಳಿದ್ದನ್ನೇ ಅವಳಿಗೂ ಹೇಳ್ಲಿಕ್ಕೆ ಹೊರಟದ್ದಲ್ವಾ?”

“ನಾನೆಂತ ಹೇಳಿದ್ದೆ?”

ಅವರು ನಟಿಸುತ್ತಿರಲಿಲ್ಲ. ನಿಜವಾಗಿಯೂ ಅವರಿಗೆ ನೆನಪಿರಲಿಲ್ಲ. ಅದು ಮುಖದಲ್ಲೇ ಗೊತ್ತಾಗುತ್ತಿತ್ತು. ದೀಕ್ಷಿತಾ ಹಿಂತಿರುಗಿ ನೋಡಿದಳು. ಅಪ್ಪ ನೀರಿನ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತು ಕ್ಯಾರಿಯರ್ ತೊಳೆಯುವುದನ್ನು ನಿಲ್ಲಿಸಿ ಇತ್ತ ನೋಡುತ್ತಿದ್ದ. ಈಗ ಹೇಳದಿದ್ದರೆ ಇನ್ನು ಯಾವತ್ತೂ ಹೇಳುವುದಿಲ್ಲ ಎಂದು ಅವಳಿಗೆ ಅನ್ನಿಸಿತು.

“ಅಪ್ಪನ ಬಸ್ಸು ಸಂಪಾಜೆ ಘಾಟಿಯಲ್ಲಿ ಬಿದ್ದಿದೆ, ಯಾರೂ ಉಳಿದಿಲ್ಲ ಅಂತ ಹೇಳಿದ್ರಿ. ಆಗ ಕ್ಯಾಮೆರಾ ಓಡ್ತಾ ಇತ್ತು.”

ದೇವದಾಸನ ಕೈಯಿಂದ ಡಬ್ಬಿಯ ಮುಚ್ಚಳ ಜಾರಿ ನೀರಿನಲ್ಲಿ ತೇಲಿತು. ಅವನು ಅದನ್ನು ಹಿಡಿಯಲು ಕೈ ಚಾಚಲಿಲ್ಲ. ಮುಚ್ಚಳ ಎರಡು ಕಲ್ಲುಗಳ ನಡುವೆ ಸಿಕ್ಕಿ ನಿಂತಿತು.

ಕೃಷ್ಣಮೋಹನ ಬಂಡೆಯ ಮೇಲೆ ಕೂತರು. “ಹೌದು,” ಎಂದರು, ನೆನಪಾದವರಂತೆ. “ಹೇಳಿದ್ದೆ. ಆಮೇಲೆ ಸುಳ್ಳು ಅಂತಲೂ ಹೇಳಿದ್ದೆನಲ್ಲ? ಮೊದಲ ಪಿಚ್ಚರ್. ಬೆಳಕು ಹೋಗ್ತಾ ಇತ್ತು. ಆ ಶಾಟಿನಿಂದಲೇ ನಿನಗೆ ಪ್ರಶಸ್ತಿ…”

“ಆ ಫೋಟೋ ನಾನು ಎಷ್ಟು ಜನಕ್ಕೆ ತೋರಿಸಿದ್ದೇನೆ ಸರ್,” ಎಂದ ದೇವದಾಸ. ಸಿಟ್ಟಿನ ಸ್ವರವಲ್ಲ ಅದು. ಲೆಕ್ಕ ತಪ್ಪಿದವನ ಸ್ವರ.

ಮೇಲಿನಿಂದ ಪ್ರೀತಿಕಾ ತಾಯಿಯನ್ನು ಎಳೆದುಕೊಂಡು ಮತ್ತೆ ಹೊಳೆಗೆ ಇಳಿದಳು. ಇಬ್ಬರೂ ಶಾಲಿನ ಎರಡು ತುದಿ ಹಿಡಿದು ಮೀನು ಹಿಡಿಯತೊಡಗಿದರು. ಕೃಷ್ಣಮೋಹನ ಕ್ಯಾಮೆರಾವನ್ನು ಸ್ಟ್ಯಾಂಡಿನಿಂದ ಬಿಚ್ಚಿ ಚೀಲಕ್ಕೆ ಹಾಕಿದರು. ಆಮೇಲೆ ದೀಕ್ಷಿತಾಳ ಎದುರು ಬಂದು ನಿಂತರು.

“ತಪ್ಪಾಯ್ತಮ್ಮ. ಇಷ್ಟು ವರ್ಷ ನನಗೆ ಅದು ಒಂದು ಉಪಾಯ ಅಂತ ಮಾತ್ರ ಗೊತ್ತಿತ್ತು.” ನೀರಿನಲ್ಲಿ ಕಿರುಚುತ್ತಿದ್ದ ಹುಡುಗಿಯ ಕಡೆ ನೋಡಿದರು. “ಆ ದೃಶ್ಯದಲ್ಲಿ ಇವಳು ಅಳುದು ಬೇಡ. ಬೇರೆ ಎಂತಾದ್ರೂ ಬರೀತೇನೆ. ನೀನು ಪಾತ್ರಕ್ಕೆ ಬರ್ತೀಯಾ? ನಿನಗೆ ಮನಸ್ಸಿದ್ರೆ ಮಾತ್ರ.”

“ಇಲ್ಲ ಸರ್. ನನಗೆ ಒಂದನೇ ತಾರೀಕಿನಿಂದ ಪುತ್ತೂರಿನಲ್ಲಿ ಪಂಪ್ ವೈಂಡಿಂಗ್ ಕೆಲಸ ಉಂಟು.”

ಹೇಳಿದ ಮೇಲೆಯೇ ಅವಳು ಅಪ್ಪನ ಕಡೆ ನೋಡಿದ್ದು. ದೇವದಾಸ ಪ್ಯಾಂಟು ಮಡಚಿ ನೀರಿಗಿಳಿದು ಮುಚ್ಚಳವನ್ನು ತೆಗೆಯುತ್ತಿದ್ದ.

ಕೃಷ್ಣಮೋಹನ ಕಾರಿನಲ್ಲಿ ಬಿಡುತ್ತೇನೆ ಎಂದರೂ ಅವನು ಒಪ್ಪಲಿಲ್ಲ. ಮೂರು ಗಂಟೆಯ ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಅರಂತೋಡು ದಾಟುವವರೆಗೂ ದೇವದಾಸ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದ.

“ಬಸ್ಸು ಬಿದ್ದದ್ದು ನಿಜ ಅಂತ ನೀನು ಎಷ್ಟು ಹೊತ್ತು ನಂಬಿದ್ದೆ?” ಎಂದ, ತಿರುಗದೆ.

“ಸುಳ್ಳು ಅಂತ ಅವರು ಆಗ್ಲೇ ಹೇಳಿದ್ರಲ್ಲ.”

“ಅವರು ಹೇಳಿದ್ದು ಬೇಡ. ನೀನು?”

ದೀಕ್ಷಿತಾ ಮಡಿಲಲ್ಲಿದ್ದ ಕ್ಯಾರಿಯರಿನ ಹಿಡಿಯನ್ನು ಮೇಲೆ ಕೆಳಗೆ ಮಾಡಿದಳು. “ನೀವು ಮನೆಗೆ ಬರುವವರೆಗೆ. ಸುಳ್ಳು ಅಂತ ಹೇಳಿದ್ದೇ ಸುಳ್ಳಾದ್ರೆ ಅಂತ ಅನ್ನಿಸ್ತಿತ್ತು.”

“ಆ ದಿನ ನಾನು ಬರುವಾಗ ಎಂಟೂವರೆ ಆಗಿತ್ತು. ದಾರಿಯಲ್ಲಿ ಟಯರ್ ಹೋಗಿತ್ತು.” ದೇವದಾಸನಿಗೆ ಎಲ್ಲ ನೆನಪಿತ್ತು. “ಊಟಕ್ಕೆ ಕೂತಾಗಲೂ ನೀನು ನನ್ನ ಚರ್ಮದ ಬ್ಯಾಗಿನ ಪಟ್ಟಿ ಬಿಟ್ಟಿರ್ಲಿಲ್ಲ. ಚಿಲ್ಲರೆಯಲ್ಲಿ ಆಡ್ಲಿಕ್ಕೆ ಬೇಕೇನೋ ಅಂತ ನಾನು ಎರಡು ನಾಣ್ಯ ಕೊಟ್ಟೆ.”

“ಹೌದು.”

“ಯಾಕೆ ಹೇಳ್ಲಿಲ್ಲ ಮಗಾ?”

“ಆಮೇಲೆ ಪ್ರಶಸ್ತಿ ಬಂತಲ್ಲ ಅಪ್ಪ. ನೀವು ಅಷ್ಟು ಖುಷಿಯಲ್ಲಿ ಇದ್ರಿ.”

ದೇವದಾಸ ಕರ್ಚೀಫು ತೆಗೆದು ಮುಖ ಒರೆಸಿಕೊಂಡ. ಕನ್ನಡಕ ತೆಗೆದು ಅದನ್ನೂ ಒರೆಸಿದ. ಬಸ್ಸು ಪೆರಾಜೆಯಲ್ಲಿ ನಿಂತು, ಮೂರು ಜನರನ್ನು ಹತ್ತಿಸಿಕೊಂಡು ಮತ್ತೆ ಹೊರಟಿತು. ಅವನು ಕನ್ನಡಕ ಹಾಕಿಕೊಂಡು ಅವಳ ಕಡೆಗೆ ಪೂರ್ತಿ ತಿರುಗಿ ಕೂತ.

“ಈ ವೈಂಡಿಂಗ್ ಅಂದ್ರೆ ಎಂತ? ಹೇಳು ನೋಡುವ.”

ಅವಳು ಹೇಳಿದಳು. ಸುಟ್ಟ ಮೋಟರನ್ನು ಬಿಚ್ಚಿ ಹಳೆಯ ತಾಮ್ರದ ತಂತಿ ತೆಗೆಯುವುದು, ಸುತ್ತು ಎಷ್ಟಿತ್ತೆಂದು ಎಣಿಸಿ ಬರೆದಿಡುವುದು, ಹೊಸ ತಂತಿಯನ್ನು ಅಷ್ಟೇ ಸುತ್ತು ಸುತ್ತಿ ಕೂರಿಸುವುದು, ಮತ್ತೆ ವಾರ್ನಿಶ್ ಹಾಕಿ ಒಣಗಿಸುವುದು. ಒಂದು ಸುತ್ತು ಹೆಚ್ಚುಕಡಿಮೆಯಾದರೂ ಮೋಟರ್ ಬಿಸಿಯಾಗುತ್ತದೆ ಎಂದಳು. ದೇವದಾಸ ನಡುನಡುವೆ ಪ್ರಶ್ನೆ ಕೇಳಿದ. ಪುತ್ತೂರಿಗೆ ಬೆಳಿಗ್ಗೆ ಎಷ್ಟು ಗಂಟೆಗೆ ಮುಟ್ಟಬೇಕು ಎಂದ. ಏಳೂವರೆಯ ಬಸ್ಸಿನಲ್ಲಿ ರಶ್ಶು, ಏಳು ಗಂಟೆಯದ್ದೇ ಒಳ್ಳೆಯದು ಎಂದು ತಾನೇ ಉತ್ತರವನ್ನೂ ಹೇಳಿಕೊಂಡ.

ಸುಳ್ಯದ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವಾಗ ಡ್ರೈವರ್ ದುಗ್ಗಪ್ಪ ಎದುರಾದ. ದೇವದಾಸನ ಜೊತೆ ಹದಿನೈದು ವರ್ಷ ಒಂದೇ ಬಸ್ಸಿನಲ್ಲಿ ದುಡಿದವನು ಅವನು.

“ಎಂತ ದೇವಣ್ಣ, ಪಿಚ್ಚರ್ ಎಂತಾಯ್ತು? ಶೂಟಿಂಗ್ ಯಾವಾಗ?”

ದೀಕ್ಷಿತಾ ಕಾಲಿನಡಿಯ ನೆಲ ನೋಡಿದಳು.

“ಪಿಚ್ಚರ್ ಇಲ್ಲ ಮಾರಾಯ,” ಎಂದ ದೇವದಾಸ. “ಇವಳಿಗೆ ಪುತ್ತೂರಿನಲ್ಲಿ ಕೆಲಸ ಆಗಿದೆ. ಪಂಪ್ ವೈಂಡಿಂಗ್. ಮೋಟರನ್ನು ಪೂರ್ತಿ ಬಿಚ್ಚಿ ಹೊಸತಾಗಿ ತಂತಿ ಸುತ್ತುದು. ಒಂದು ಸುತ್ತು ತಪ್ಪಿದ್ರೂ ಹೋಯ್ತು, ಗೊತ್ತುಂಟಾ ನಿನಗೆ?”

“ಹೌದಾ?” ದುಗ್ಗಪ್ಪ ಅವಳ ಕಡೆ ತಿರುಗಿದ. “ಹಾಗಾದ್ರೆ ಹೇಳು ಮಗಾ, ನಮ್ಮ ಬಾವಿಯ ಪಂಪ್ ಉಂಟಲ್ಲ, ಸ್ವಿಚ್ ಹಾಕಿದ್ರೆ ಗುಂಯ್ ಅಂತದೆ, ತಿರುಗುದಿಲ್ಲ. ಹೊಸತೇ ತೆಗೀಬೇಕು ಅಂತ ಹೇಳ್ತಾರೆ.”

“ಪಂಪಿನ ಹಿಂದಿನ ಫ್ಯಾನನ್ನು ಕೈಯಲ್ಲಿ ದೂಡಿದ್ರೆ ತಿರುಗ್ತದಾ?”

“ತಿರುಗ್ತದೆ, ತಿರುಗ್ತದೆ.”

“ಹಾಗಾದ್ರೆ ಹೊಸತು ಬೇಡ. ಕೆಪಾಸಿಟರ್ ಹೋಗಿರ್ಬೇಕು. ಸಣ್ಣ ಡಬ್ಬಿ ಹಾಗೆ ಉಂಟಲ್ಲ ಬದಿಯಲ್ಲಿ, ಅದು. ಸ್ವಿಚ್ ಹಾಕಿ ಹಾಗೇ ಬಿಡ್ಬೇಡಿ, ಕಾಯಿಲ್ ಸುಡ್ತದೆ. ನಾಳೆ ಬೆಳಿಗ್ಗೆ ನಾನು ಬಂದು ನೋಡ್ತೇನೆ.”

ಅವಳು ಗಾಳಿಯಲ್ಲಿ ಬೆರಳಾಡಿಸಿ ಮೋಟರಿನ ಒಳಭಾಗ ಹೇಗಿರುತ್ತದೆಂದು ದುಗ್ಗಪ್ಪನಿಗೆ ತೋರಿಸತೊಡಗಿದಳು. ಹಿಂದಿನಿಂದ ಬಸ್ಸೊಂದು ಹಾರ್ನ್ ಹಾಕಿತು. ದೇವದಾಸ ಕೈ ಎತ್ತಿ ಡ್ರೈವರನಿಗೆ ಸ್ವಲ್ಪ ತಡೆಯಲು ಹೇಳಿ, ಒದ್ದೆ ಪ್ಯಾಂಟಿನಲ್ಲೇ ನಿಂತು ಕೇಳುತ್ತಿದ್ದ.