ನಡು ಕೆಡ್ಡಸದ ಸಂಬಳ

"ಭೂಮಿಗೂ ರಜೆ, ನಮಗೂ ರಜೆ. ಸರಿ. ಆದರೆ ನಮ್ಮ ರಜೆಗೆ ಸಂಬಳ ಯಾಕಿಲ್ಲ, ಪೊರ್ಬುಗಳೇ?"

ಬಾಯಿಂದ ಬಿದ್ದ ಮೇಲೆಯೇ ಆ ಮಾತು ತನ್ನದೆಂದು ಕುಶಲಾಳಿಗೆ ಗೊತ್ತಾದದ್ದು. ಗದ್ದೆಯಂಚಿನಲ್ಲಿ ಚಹಾಕ್ಕೆ ಕೂತಿದ್ದ ಹೆಂಗಸರೆಲ್ಲ ಲೋಟವನ್ನು ತುಟಿಗೆ ತಾಗಿಸಿಕೊಂಡು ಹಾಗೆಯೇ ಉಳಿದರು. ಚಂಪಕ್ಕನ ಕೈಯ ಅವಲಕ್ಕಿ ಬಾಯಿಯ ದಾರಿಯಲ್ಲೇ ತಡೆದು ನಿಂತಿತು. ಎದುರಿಗೆ, ಪ್ಲಾಸ್ಟಿಕ್ ಹಾಳೆ ಹೊದ್ದ ಏರಿಗಳ ಮೇಲೆ, ಕಲ್ಲಂಗಡಿಗಳು ಮಾತ್ರ ಏನೂ ಕೇಳಿಸದವರಂತೆ ಬಿಸಿಲಿಗೆ ಹೊಟ್ಟೆ ಕೊಟ್ಟು ಮಲಗಿದ್ದವು.

ಜೋಕಿಮ್ ಪೊರ್ಬುಗಳು ನಕ್ಕರು. ಶಿರ್ವದ ಕ್ರೈಸ್ತರು ಅವರು, ಊರಿನ ಬಾಯಲ್ಲಿ ಹಾಗಾಗಿ ಪೊರ್ಬುಗಳು; ಕುವೈಟಿನಿಂದ ಬಂದ ಮೇಲೆ ಇನ್ನಂಜೆಯಲ್ಲಿ ಗದ್ದೆ ಗೇಣಿಗೆ ಹಿಡಿದು, ಭತ್ತ ಕೊಯ್ದಾದ ನೆಲಕ್ಕೆ ಪೈಪು ಎಳೆದು ಕಲ್ಲಂಗಡಿ, ಊರಿನ ಮಾತಿನ ಬಚ್ಚಂಗಾಯಿ, ಹಾಕಿದ್ದರು. ಒಳ್ಳೆಯ ಜನವೇ. ಚಹಾಕ್ಕೆ ಹಾಲು ಕಮ್ಮಿ ಮಾಡಿದವರಲ್ಲ, ಯಾರಿಗೂ ಗದರಿದವರಲ್ಲ.

"ಎಂತ ಹೇಳಿದೆ ನೀನು? ಇನ್ನೊಮ್ಮೆ ಹೇಳು ಕುಶಲಾ. ಮನೆಯಲ್ಲಿ ಕೂತವರಿಗೆ ಸಂಬಳವಾ?"

ಈ ಮಾತಿಗೆ ಅವರೇ ಕಾರಣ ಎನ್ನಬೇಕು. ಬೆಳಿಗ್ಗೆಯಿಂದ ಅವರು ಚಂಪಕ್ಕನ ಹಿಂದೆ ಬಿದ್ದಿದ್ದರು. ಮಣಿಪಾಲದ ಜ್ಯೂಸ್ ಅಂಗಡಿಗಳಿಂದ ಒಳ್ಳೆ ಆರ್ಡರ್ ಉಂಟು, ಕೆಡ್ಡಸದ ಎರಡನೆಯ ದಿನ, ನಡು ಕೆಡ್ಡಸದಂದೇ, ಲೋಡು ಹೋಗಬೇಕು, ಬಂದವರಿಗೆ ಒಂದೂವರೆ ಸಂಬಳ. "ಬಚ್ಚಂಗಾಯಿ ಕೊಯ್ಯುವುದಕ್ಕೆ ಹಾರೆ ಪಿಕ್ಕಾಸು ಬೇಡ ಮಾರಾಯ್ತಿ. ತೊಟ್ಟು ಕತ್ತರಿಸುವುದು, ಎತ್ತುವುದು. ಭೂಮಿಗೆ ಗೊತ್ತೇ ಆಗುವುದಿಲ್ಲ." ಚಂಪಕ್ಕ ಜಗ್ಗಿರಲಿಲ್ಲ. ಕೆಡ್ಡಸದ ಮೂರು ದಿನ ಹಸಿರಿಗೆ ಕತ್ತಿ ತಾಗಿಸಿದವಳಲ್ಲ ಅವಳು. "ಹಾಗಾದರೆ ಮೂರು ದಿನ ಮನೆಯಲ್ಲಿ ಕೂತುಕೊಳ್ಳಿ. ಕೆಲಸ ಇಲ್ಲ, ಸಂಬಳ ಇಲ್ಲ. ನನಗೆಂತ ನಷ್ಟ?" ಎಂದ ಪೊರ್ಬುಗಳು, ಕೋಪ ಇಳಿಸಿಕೊಳ್ಳಲಿಕ್ಕೋ ಏನೋ, ಚಹಾದ ಹೊತ್ತಿಗೆ ದಿನಾ ಹೇಳುವ ತಮ್ಮ ಕುವೈಟಿನ ಕಥೆಯನ್ನೇ ಮತ್ತೆ ಎತ್ತಿಕೊಂಡಿದ್ದರು. ಹೆಂಗಸರು ಅದನ್ನು ಕೇಳಿಯೂ ಕೇಳದ ಹಾಗೆ ಅವಲಕ್ಕಿ ಜಗಿಯುತ್ತಿದ್ದರು. ಕುಶಲಾ ಹಾಗಲ್ಲ. ಯಾರೇ ಕಥೆ ಹೇಳಿದರೂ ಅವಳಿಗೆ ಅದು ಎದುರಿಗೆ ನಡೆಯಬೇಕು.

ಅಜ್ಜಿ ಬೆಳೆಸಿದ್ದೇ ಹಾಗೆ. ಮಕರ ತಿಂಗಳ ಕೊನೆ ಹತ್ತಿರವಾದರೆ ಅಜ್ಜಿ ಅಕ್ಕಿ ಹುರಿಯುತ್ತಾ ಶುರುಮಾಡುತ್ತಿದ್ದಳು: ಕೆಡ್ಡಸ ಬಂತು ಮಗಾ, ಭೂಮಿ ಮುಟ್ಟಾಗುತ್ತಾಳೆ, ವರ್ಷವಿಡೀ ನಮ್ಮನ್ನೆಲ್ಲ ಹೊತ್ತ ಬೆನ್ನು ನೋಡು, ಮೂರು ದಿನ ನೆಟ್ಟಗೆ ಮಲಗುತ್ತಾಳೆ, ಒಬ್ಬ ಸಾಹುಕಾರ ಕೇಳದೆ ನೇಗಿಲು ಇಳಿಸಿದ, ಎತ್ತುಗಳು ಗದ್ದೆಯ ನಡುವೆ ಮಂಡಿಯೂರಿ ಕೂತವು, ಇವನು ಹೊಡೆದರೂ ಏಳಲಿಲ್ಲ, ಅತ್ತರೂ ಏಳಲಿಲ್ಲ. ಪುಟ್ಟ ಕುಶಲಾ ಕೇಳಿದ್ದಳು, "ಮಲಗಿದರೆ ಅವಳಿಗೆ ಊಟ ಯಾರು ಕೊಡುತ್ತಾರೆ ಅಜ್ಜಿ?" "ಅವಳಿಗೆ ಯಾರು ಕೊಡಬೇಕು ಮಗಾ, ಊರಿಡೀ ಇರುವ ಅನ್ನವೆಲ್ಲ ಅವಳದ್ದೇ ಅಲ್ವಾ." "ಮತ್ತೆ ನಮಗೆ?" ಅಜ್ಜಿ ಹುರಿದ ಅಕ್ಕಿಗೆ ಬೆಲ್ಲ ಪುಡಿಮಾಡಿ ಹಾಕುತ್ತಾ, "ನಮಗೆ ಇದು" ಎಂದಿದ್ದಳು. ಆ ಮೂರು ದಿನ ಮನೆಯಲ್ಲಿ ಬೇರೇನೂ ಬೇಯುತ್ತಿರಲಿಲ್ಲ ಎನ್ನುವುದು ಕುಶಲಾಳಿಗೆ ಅರ್ಥವಾದದ್ದು ತಾನೇ ಕೂಲಿಗೆ ಹೋಗಲು ಶುರುಮಾಡಿದ ಮೇಲೆ.

ಈಗ ಅವಳ ಎದೆ ಡವಗುಟ್ಟುತ್ತಿತ್ತು. ಹೆದರಿಕೆಯೆಂದುಕೊಂಡಳು. ಅಲ್ಲ, ಹಬ್ಬದ ಹಿಂದಿನ ದಿನ ಆಗುವಂಥದ್ದು ಅದು.

"ನೀವೇ ಹೇಳಿದ್ದಲ್ವಾ ಪೊರ್ಬುಗಳೇ. ಶುಕ್ರವಾರ ಬೆಳಿಗ್ಗೆ ಇಗರ್ಜಿ. ಮಧ್ಯಾಹ್ನ ಬಿರಿಯಾನಿ. ಸಂಜೆ ಸಮುದ್ರದ ಬದಿಯಲ್ಲಿ ಚಾಪೆ ಹಾಸಿ ಇಸ್ಪೀಟು." ಎದ್ದು ನಿಂತು, ತಲೆಗೆ ಸುತ್ತಿದ್ದ ಬೈರಾಸು ಬಟ್ಟೆಯನ್ನು ಅವರಂತೆಯೇ ಹೆಗಲಿಗೆ ಎಸೆದು, ದನಿಯನ್ನೂ ದಪ್ಪಗೆ ಮಾಡಿದಳು. "'ಕಂಪೆನಿಯ ಸಂಬಳದ ಮೀಟರ್ ಮಾತ್ರ ಓಡ್ತಾ ಇರ್ತದೆ ಮಾರಾಯ್ರೆ! ನಾವು ಮಲಗಿದರೂ ಓಡ್ತದೆ, ಗೊರಕೆ ಹೊಡೆದರೂ ಓಡ್ತದೆ!'"

ಹೆಂಗಸರ ನಡುವೆ ನಗೆ ಕಿಸಕ್ಕೆಂದಿತು. ಒಬ್ಬಳಿಗೆ ಚಹಾ ನೆತ್ತಿಗೇರಿತು.

"ಅಲ್ಲಿ ವಾರಕ್ಕೊಂದು ಶುಕ್ರವಾರ. ನಾವು ಕೇಳುವುದು ವರ್ಷಕ್ಕೊಂದು ಕೆಡ್ಡಸ. ನಮ್ಮ ಮೀಟರೂ ಸ್ವಲ್ಪ ಓಡಲಿ."

ನಗು ಎಲ್ಲಿಯವರೆಗೆ ಹೋಗಬೇಕೋ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿಬಿಟ್ಟಿತ್ತು. ಪೊರ್ಬುಗಳ ಕಿವಿ ಕೆಂಪಾಯಿತು.

"ಅದು ಕಂಪೆನಿ. ಅಲ್ಲಿ ನೆಲ ತೋಡಿದರೆ ಎಣ್ಣೆ ಬರುತ್ತದೆ. ಇಲ್ಲಿ ತೋಡಿದರೆ ಇಲಿ ಬರುತ್ತದೆ! ಕೇಳಿ ಎಲ್ಲರೂ. ನಾಳೆ ಬೆಳಿಗ್ಗೆ ಕಾಪು ಪೇಟೆಯಲ್ಲಿ ನಿಂತರೆ ಬಯಲುಸೀಮೆಯ ಜನ ಬೇಕಾದಷ್ಟು ಸಿಗುತ್ತಾರೆ. ಅವರ ಕ್ಯಾಲೆಂಡರಿನಲ್ಲಿ ಕೆಡ್ಡಸ ಇಲ್ಲ. ಒಮ್ಮೆ ಅವರು ಬಂದರೆ ಮಳೆ ಬೀಳುವವರೆಗೂ ಅವರೇ. ಯೋಚನೆ ಮಾಡಿ."

ಗದ್ದೆಯ ಮೇಲೆ ಒಂದು ಮಿಂಚುಳ್ಳಿ ಕೂಗಿಕೊಂಡು ಹೋಯಿತು. ಮಳೆ ಬೀಳುವವರೆಗೆ ಎಂದರೆ ಉದ್ದದ ಬೇಸಿಗೆ, ಇಡೀ ಊರಿನಲ್ಲಿ ಇನ್ನೆಲ್ಲೂ ಕೆಲಸವಿಲ್ಲದ ಬೇಸಿಗೆ.

"ಆಯ್ತಾ? ಸಮಾಧಾನ ಆಯ್ತಾ ನಿನಗೆ?" ಚಂಪಕ್ಕ ಲೋಟವನ್ನು ನೆಲಕ್ಕೆ ಕುಕ್ಕಿದಳು. "ನಿನ್ನ ಅಜ್ಜಿಯಂತೆ ನೀನೂ ಕಥೆ ಕಟ್ಟಿದ್ದರಿಂದ ನಮ್ಮ ಗಂಜಿಗೆ ಮಣ್ಣು ಬಿತ್ತು. ಅಜ್ಜಿಯಾದರೂ ಕಥೆಯನ್ನು ಮನೆಯೊಳಗೆ ಹೇಳುತ್ತಿದ್ದಳು. ನೀನು ಗದ್ದೆಗೆ ತಂದೆ."

"ಚಂಪಕ್ಕ, ನಾನು..."

"ಕೂತುಕೋ."

ಕುಶಲಾ ಕೂರಲಿಲ್ಲ. ಅಷ್ಟರಲ್ಲಿ ಪುಣ್ಯಕ್ಕೆ ಪುತ್ತುಬ್ಬನ ಪಿಕಪ್ಪು ಹಾರನ್ ಹೊಡೆಯುತ್ತಾ ಬಂದು ಅಂಚಿನ ಆಚೆ ನಿಂತಿತು. ಹಣ್ಣಿನ ವ್ಯಾಪಾರದಲ್ಲಿ ತಲೆ ನರೆತ ಬ್ಯಾರಿ ಆತ. ಲೋಡಿಗೆ ಮೊದಲು ಹಣ್ಣು ನೋಡಿಹೋಗಲು ಬಂದಿದ್ದ. ಇಳಿದವನೇ ಒಂದು ಬಚ್ಚಂಗಾಯಿಯನ್ನು ಬೆರಳಲ್ಲಿ ತಟ್ಟಿ ಕಿವಿಗೊಟ್ಟ. ಮತ್ತೆ ತಲೆಯೆತ್ತಿ ಎಲ್ಲರ ಮುಖ ನೋಡಿದ.

"ಎಂತ, ಯಾರಾದರೂ ತೀರಿಹೋದರಾ?"

"ತೀರಿಹೋಗಲಿಲ್ಲ ಪುತ್ತುಬ್ಬಾಕ. ಇವರಿಗೆ ಕೆಡ್ಡಸಕ್ಕೆ ಸಂಬಳ ಸಮೇತ ರಜೆ ಬೇಕಂತೆ," ಎಂದರು ಪೊರ್ಬುಗಳು, ಈತನಾದರೂ ತನ್ನ ಕಡೆ ನಗಲಿ ಎಂಬಂತೆ.

ಪುತ್ತುಬ್ಬ ನಕ್ಕ. ಆದರೆ ಯಾರ ಕಡೆಗೆ ನಕ್ಕನೆಂದು ಹೇಳುವ ಹಾಗಿರಲಿಲ್ಲ. "ನಮ್ಮ ಪೆರ್ನಾಳ್ ಹಬ್ಬಕ್ಕೆ ಅಂಗಡಿ ಮುಚ್ಚಿದರೆ ನನ್ನ ಹುಡುಗರೂ ಕೇಳುತ್ತಾರೆ. ಕೊಡದಿದ್ದರೆ ಮರುದಿನ ಹಣ್ಣು ಎತ್ತಿ ಹಾಕುವಾಗ ಕೈಜಾರಿಸುತ್ತಾರೆ. ಕೊಡುವುದೇ ಲಾಭ ಅಂತ ಕಂಡಿತು ನನಗೆ."

"ನಿಮ್ಮದು ವ್ಯಾಪಾರ. ನನ್ನದು ಬೇಸಾಯ."

"ಹೌದೌದು. ನಿಮ್ಮ ಹತ್ತಿರ ಹಣ್ಣು ತಗೊಂಡು ನಾನು ಮಾಡುವುದು ವ್ಯಾಪಾರ, ನನ್ನ ಹತ್ತಿರ ದುಡ್ಡು ತಗೊಂಡು ನೀವು ಮಾಡುವುದು ಬೇಸಾಯ."

ಆಗ ಕೇಳಿಸಿತು, ಲೋಟಗಳು ಒಂದಕ್ಕೊಂದು ತಾಗುವ ಸದ್ದು. ಬರ್ತಾ ಬಾಯಮ್ಮ. ಪೊರ್ಬುಗಳ ಹೆಂಡತಿ. ಚಹಾದ ಕೆಟ್ಲು ತಂದು, ಖಾಲಿ ಲೋಟ ಒಟ್ಟುಮಾಡಿಕೊಂಡು ಹೋಗುವ ಹೆಂಗಸು. ಗಂಡ ಶುಕ್ರವಾರದ ಕಥೆ ಶುರುಮಾಡಿದರೆ ಆಕೆಗೆ ಪಂಪಿನ ಕೊಟ್ಟಿಗೆಯಲ್ಲಿ ಏನಾದರೂ ಕೆಲಸ ನೆನಪಾಗುತ್ತಿತ್ತು. ಕೇಳಿ ಕೇಳಿ ಬೇಸರವಿರಬೇಕು ಎಂದು ಹೆಂಗಸರು ತಮ್ಮೊಳಗೆ ನಗುವುದಿತ್ತು. ಇವತ್ತು ಆಕೆ ಹೋಗಿರಲಿಲ್ಲ.

"ಇವರಿಗೆ ಶುಕ್ರವಾರ ಇತ್ತು," ಎಂದಳು ಬಾಯಮ್ಮ, ಕುಶಲಾಳನ್ನು ನೋಡಿಕೊಂಡು. "ನನಗೆ ಇರಲಿಲ್ಲ."

"ಬರ್ತಾ," ಎಂದರು ಪೊರ್ಬುಗಳು.

"ಇರಲಿಲ್ಲ ಅಲ್ವಾ? ಕುವೈಟಿನಲ್ಲಿ ನಾನಿದ್ದದ್ದು ಯಾರದ್ದೋ ಮನೆಗೆಲಸಕ್ಕೆ. ಆ ಮನೆಯ ಮಕ್ಕಳು ಶುಕ್ರವಾರವೂ ಉಣ್ಣುತ್ತಿದ್ದವು. ಇವರು ಸಂಜೆ ಸಮುದ್ರದ ಕಡೆ ಹೋಗುವ ಮೊದಲು ಇಸ್ತ್ರಿ ಹಾಕಿದ ಅಂಗಿ ಹಾಕಿಕೊಂಡು ಗೇಟಿನ ಹೊರಗೆ ಬಂದು ನಿಲ್ಲುತ್ತಿದ್ದರು. ನಾನು ಕಸದ ಚೀಲ ಹಿಡಿದುಕೊಂಡು ಹೊರಗೆ ಬರುತ್ತಿದ್ದೆ. ಚೀಲ ಡಬ್ಬಿಗೆ ಹಾಕಿ ವಾಪಸು ಬರುವಷ್ಟು ಹೊತ್ತು." ಒಂದು ಲೋಟದ ತಳದಲ್ಲಿದ್ದ ಚಹಾವನ್ನು ಹುಲ್ಲಿಗೆ ಚೆಲ್ಲಿದಳು. "ಅಷ್ಟೇ ನಮ್ಮ ಶುಕ್ರವಾರ. ಆ ಸಮುದ್ರ ಯಾವ ಕಡೆಗೆ ಉಂಟು ಅಂತ ನನಗೆ ಈಗಲೂ ಗೊತ್ತಿಲ್ಲ."

ಜೋಕಿಮ್ ಪೊರ್ಬುಗಳು ಬಗ್ಗಿ, ನೆಟ್ಟಗೇ ಇದ್ದ ಪೈಪೊಂದನ್ನು ಮತ್ತೆ ನೆಟ್ಟಗೆ ಮಾಡಿದರು. ಮತ್ತೊಂದನ್ನು ಮಾಡಿದರು. ಎದ್ದು ನಿಂತಾಗ ಅವರ ಮುಖ, ಕಥೆ ಹೇಳುವಾಗಿನದ್ದಲ್ಲ.

"ಪುತ್ತುಬ್ಬಾಕ, ಲೋಡು ಒಂದು ದಿನ... ಕೆಡ್ಡಸ ಮುಗಿದ ಮೇಲೆ ಆದರೆ?"

"ಬಚ್ಚಂಗಾಯಿಗೆ ಎಂತ ರೆಕ್ಕೆ ಉಂಟಾ? ಬಳ್ಳಿಯಲ್ಲೇ ಇದ್ದರೆ ಇನ್ನೂ ಸಿಹಿಯಾಗುತ್ತದೆ. ಜ್ಯೂಸಿನವರಿಗೆ ನಾನು ಹೇಳುತ್ತೇನೆ."

"ಹಾಂ." ಪೊರ್ಬುಗಳು ಕತ್ತು ಕೆರೆದುಕೊಂಡರು. "ಒಂದು ದಿನ. ನಡು ಕೆಡ್ಡಸದ ದಿನ, ಎಲ್ಲರಿಗೂ, ಪೂರ್ತಿ ಸಂಬಳ. ಮೂರು ದಿನ ಆಗುವುದಿಲ್ಲ, ನಾನು ಕುವೈಟಿನ ಶೇಖನಲ್ಲ."

ಕುಶಲಾಳಿಗೆ ಕುಣಿಯಬೇಕೆನ್ನಿಸಿತು. ಆದರೆ ಅವಳಿಗಿಂತ ಮೊದಲು ಎದ್ದವಳು ಚಂಪಕ್ಕ. ಸೀರೆಗೆ ಅಂಟಿದ ಹುಲ್ಲು ಕೊಡವುತ್ತಾ, ಮೀನಿನವಳ ಎದುರು ನಿಂತ ಹಾಗೆ ಸೊಂಟಕ್ಕೆ ಕೈಕೊಟ್ಟಳು.

"ಮೂರರಲ್ಲಿ ಒಂದಾ ಪೊರ್ಬುಗಳೇ? ಎರಡು ಮಾಡಿ."

"ಚಂಪಾ, ಈಗ ತಾನೇ ಇವಳಿಗೆ ಬೈದವಳು ನೀನು!"

"ಬೈದದ್ದು ಬೇರೆ, ಇದು ಬೇರೆ. ಹೋಗಲಿ, ಈ ವರ್ಷ ಒಂದು. ಬರುವ ವರ್ಷ ಎರಡು. ಪುತ್ತುಬ್ಬಾಕ ಸಾಕ್ಷಿ."

"ನಾನು ಹಣ್ಣು ನೋಡಲಿಕ್ಕೆ ಬಂದದ್ದು ತಾಯಿ," ಎಂದ ಪುತ್ತುಬ್ಬ. ಆದರೆ ಹೂಂ ಎಂಬಂತೆ ಟೊಪ್ಪಿ ಸರಿಮಾಡಿಕೊಂಡ.

ಆ ಮಧ್ಯಾಹ್ನ ಕಳೆ ಕೀಳುವ ಕೈಗಳು ಎಂದಿನಂತಿರಲಿಲ್ಲ. ಏರಿಯಿಂದ ಏರಿಗೆ ಮಾತು ಹಾರುತ್ತಿತ್ತು. ಎಂತ ಮಾಡುವುದು ಆ ದಿನ? ಒಬ್ಬಳು ಮಂಚದಿಂದ ಇಳಿಯುವುದಿಲ್ಲ ಎಂದಳು. ಒಬ್ಬಳು ಬೆಳ್ಮಣ್‌ನ ಅಕ್ಕನ ಮನೆಗೆ ಎಂದಳು. ಕೆಲಸವಿಲ್ಲದ ದಿನಗಳು ಅವರಿಗೆ ಹೊಸತಲ್ಲ, ಬೇಕಾದಷ್ಟಿದ್ದವು. ಅಂಥ ದಿನ ಬಸ್ಸಿಗೆ ದುಡ್ಡು ಹಾಕಿದರೆ ಮನೆಯವರ ಮುಖ ನೋಡುವ ಹಾಗಿರಲಿಲ್ಲ, ಅಷ್ಟೇ. ಕುಶಲಾ ಮಾತ್ರ ಯೋಚಿಸಬೇಕಾಗಿಯೇ ಇರಲಿಲ್ಲ. "ಕಾಪು ದೀಪಸ್ತಂಭ! ಮೇಲೆ ಹತ್ತಬೇಕು. ತುದಿಯಿಂದ ನಮ್ಮ ಗದ್ದೆ ಕಾಣುತ್ತದಾ ಅಂತ ನೋಡಬೇಕು." ಅದರ ಬೆಳಕು ತೆಂಗಿನ ತಲೆಗಳ ಮೇಲೆ ಹಾದುಹೋಗುವುದನ್ನು ಅಂಗಳದಿಂದ ನೋಡಿಯೇ ದೊಡ್ಡವಳಾದವಳು ಅವಳು; ಅದೊಂದು ಒಕ್ಕಣ್ಣಿನ ರಾಕ್ಷಸ, ಊರಿನ ಮಕ್ಕಳೆಲ್ಲ ಮಲಗಿದರಾ ಎಂದು ನೋಡುತ್ತಾನೆ ಎಂದಿದ್ದಳು ಅಜ್ಜಿ.

"ಈ ವಯಸ್ಸಿನ ಹುಡುಗಿಗೆ ಮೆಟ್ಟಿಲು ಹತ್ತಲಿಕ್ಕೆ ರಜೆಯಂತೆ," ಎಂದು ಚಂಪಕ್ಕ ಗೊಣಗಿದಳು. ಒಂದು ಏರಿಯ ಕಳೆ ಮುಗಿಸಿ, "ಬಸ್ಸು ಎಷ್ಟು ಹೊತ್ತಿಗೆ?" ಎಂದಳು.

ನಡು ಕೆಡ್ಡಸದ ದಿನ ಕುಶಲಾಳಿಗೆ ಎಂದಿನ ಹೊತ್ತಿಗೇ ಎಚ್ಚರವಾಯಿತು. ಎದ್ದು ಕೂತು, ನೆನಪಾಗಿ, ಮತ್ತೆ ಮಲಗಿದಳು. ನಿದ್ದೆ ಎಲ್ಲಿಂದ ಬರಬೇಕು! ತಲೆಗೆ ಮಿಂದಳು, ಅಮ್ಮ ಕೊಟ್ಟ ಹುರಿದಕ್ಕಿ ಹುಡಿಯನ್ನು ಬಾಯಿ ತುಂಬ ತಿಂದಳು, ಚಂಪಕ್ಕನಿಗೂ ಒಂದು ಪೊಟ್ಟಣ ಕಟ್ಟಿಕೊಂಡಳು. ಬಸ್‌ಸ್ಟಾಂಡಿನಲ್ಲಿ ಚಂಪಕ್ಕ ಮದುವೆಗೆ ಉಡುವ ಸೀರೆಯುಟ್ಟು ಬಿಗುಮಾನದಿಂದ ನಿಂತಿದ್ದಳು. ಅವಳ ಪಕ್ಕದಲ್ಲಿ, ದೊಡ್ಡ ಕಪ್ಪು ಕೊಡೆ ಹಿಡಿದುಕೊಂಡು, ಬರ್ತಾ ಬಾಯಮ್ಮ.

"ಪೊರ್ಬುಗಳು?" ಎಂದಳು ಕುಶಲಾ.

"ಅನ್ನ ಇಡುತ್ತಾ ಇದ್ದಾರೆ. ಎಷ್ಟು ಸೀಟಿ ಅಂತ ಈಗಾಗಲೇ ಎರಡು ಸಲ ಫೋನು ಬಂತು."

ಕಾಪುವಿನಲ್ಲಿ ಇಳಿದು, ಕಡಲಿನವರೆಗೂ ನಗುತ್ತಲೇ ನಡೆದರು. ದೀಪಸ್ತಂಭದ ಬಾಗಿಲು ಸಂಜೆಗೇ ತೆರೆಯುವುದೆಂದು ಅಲ್ಲಿಯ ಚರುಮುರಿಯವನು ಹೇಳಿದ. ಆಗಲಿ, ಅವರಿಗೆ ಅವಸರವೆಲ್ಲಿತ್ತು? ಚರುಮುರಿ ತಿಂದರು. ಬಾಯಮ್ಮ ಸೀರೆ ಎತ್ತಿ ಹಿಡಿದು ಮೊಣಕಾಲಿನವರೆಗೆ ನೀರಿಗಿಳಿದಳು, ತೆರೆ ಬಂದಾಗ ಹುಡುಗಿಯ ಹಾಗೆ ಕಿರುಚಿದಳು. ಚಂಪಕ್ಕ ಬಂಡೆಯ ನೆರಳಿಗೆ ಕೂತು ಇಬ್ಬರಿಗೂ ಬೈಯುತ್ತಿದ್ದವಳು, ಬೈಗುಳ ನಿಂತಿತೆಂದು ತಿರುಗಿ ನೋಡಿದರೆ, ಮರಳಿನ ಮೇಲೆ ನೆಟ್ಟಗೆ ಬೆನ್ನು ಹಾಕಿ ನಿದ್ದೆ ಹೋಗಿದ್ದಳು.

ಸಂಜೆ ಬಾಗಿಲು ತೆರೆದಾಗ ಕುಶಲಾ ಚಂಪಕ್ಕನನ್ನು ಎಬ್ಬಿಸಲು ಬಗ್ಗಿದಳು. ಬಾಯಮ್ಮ ತುಟಿಗೆ ಬೆರಳಿಟ್ಟಳು. "ನೀನು ಹೋಗು."

ಸುತ್ತು ಮೆಟ್ಟಿಲನ್ನು ಅವಳು ಓಡಿಯೇ ಹತ್ತಿದಳು. ತುದಿಯಲ್ಲಿ ಗಾಳಿ ಸೆರಗನ್ನು ಕಿತ್ತುಕೊಳ್ಳುವ ಹಾಗೆ ಬೀಸುತ್ತಿತ್ತು. ಮೊದಲು ಮೂಡಣಕ್ಕೆ ತಿರುಗಿದಳು. ಇನ್ನಂಜೆ ಅಲ್ಲೆಲ್ಲೋ ಇರಬೇಕು. ತೆಂಗು, ತೆಂಗು, ಕಣ್ಣು ಹೋದಲ್ಲೆಲ್ಲ ತೆಂಗು. ಗದ್ದೆ ಕಾಣಲಿಲ್ಲ. ಕಟ್ಟೆ ಹಿಡಿದು ಸುತ್ತಿ ಬಂದು ಕೆಳಗೆ ನೋಡಿದಳು.

ಅಗಲ ಮರಳಿನ ಮೇಲೆ ಬಾಯಮ್ಮನ ಕಪ್ಪು ಕೊಡೆ. ಅದರಡಿಯಿಂದ ಹೊರಗೆ ಚಾಚಿದ ಚಂಪಕ್ಕನ ಎರಡು ಪಾದ. ಬಿಸಿಲು ಪಡುವಣದಿಂದ ಓರೆಯಾಗಿ ಬಂದು ಪಾದಗಳಿಗೆ ತಾಗುತ್ತಿತ್ತು. ಕುಶಲಾ ನೋಡುತ್ತಿದ್ದಂತೆ, ಕೊಡೆ ಮೆಲ್ಲಗೆ ಆ ಬಿಸಿಲಿನ ಕಡೆಗೆ ವಾಲಿತು.