ಅಣ್ಣೆ ಬಿತ್ತಿದವಳು

ಬಿಂದಿಗೆಯ ಅಂಚು ಪಕ್ಕೆಗೆ ಒತ್ತುತ್ತಿದೆ, ನೀರು ತುಳುಕಿ ಸೀರೆ ನೆನೆಯುತ್ತಿದೆ, ನೆನೆಯಲಿ, ಮೈ ಕಾದ ಹೆಂಚಿನ ಹಾಗಿದೆ, ಕಳೆಯಂತೆ, ಕಳೆ, ಆ ಮಾತನ್ನು ಎಷ್ಟು ನಾಜೂಕಾಗಿ ಅಂದಳು ಎದುರು ಮನೆ ಜಗದಾಂಬಾ, ಬೋರಮ್ಮನವ್ರೇ ಬೇಜಾರು ಮಾಡ್ಕೋಬೇಡಿ, ಆದ್ರೆ ಮನೆ ಮುಂದೆ ಯಾರಾದ್ರೂ ಕಳೆ ಬೆಳೆಸ್ತಾರಾ — ಸಭೆಯಲ್ಲಿ ಕೂತಿದ್ದವರೆಲ್ಲ ನಕ್ಕರು, ಗಂಡಸರು ಬಾಯಿ ತೆರೆದು, ಹೆಂಗಸರು ಸೆರಗಿನಿಂದ ಮುಚ್ಚಿಕೊಂಡು, ಬಡಾವಣೆಯ ಸಂಘವಂತೆ, ಅಂದದ ಅಂಗಳಕ್ಕೆ ಬಹುಮಾನವಂತೆ, ಮುಂದಿನ ಭಾನುವಾರ ಯಾರೋ ದೊಡ್ಡ ಮನುಷ್ಯರು ಬಂದು ನೋಡುತ್ತಾರಂತೆ, ಸಾಲಿನಲ್ಲಿ ಒಂದು ಮನೆ ಕೆಟ್ಟದಾಗಿ ಕಂಡರೂ ಇಡೀ ಸಾಲಿಗೆ ಕೆಟ್ಟ ಹೆಸರಂತೆ, ಆ ಒಂದು ಮನೆ ನಮ್ಮದಂತೆ. ಅವಳ ಅಂಗಳದಲ್ಲಿ ಜೀನಿಯಾ, ಅದರ ಬೀಜ ಸೀಮೆಯಿಂದ ಬಂದದ್ದು, ಬಣ್ಣದ ಚಿತ್ರ ಅಂಟಿಸಿದ ಪೊಟ್ಟಣದಲ್ಲಿ, ಎಲ್ಲರಿಗೂ ತೋರಿಸಿಯಾಗಿದೆ, ಹಡಗು ಹತ್ತಿ ಬಂದದ್ದು ಹೂವು, ಇಲ್ಲೇ ಹುಟ್ಟಿ ಇಲ್ಲೇ ಉದುರಿದ್ದು ಕಳೆ, ಎಲಾ ಇವಳ ನ್ಯಾಯವೇ, ಇದನ್ನು ಅಲ್ಲೇ ಅನ್ನಬೇಕಿತ್ತು, ಆಗ ಬಾಯಿಗೆ ಬರಲಿಲ್ಲ, ಈಗ ಬರುತ್ತಿದೆ, ಸಭೆ ಮುಗಿಸಿ ನಲ್ಲಿಯ ಹತ್ತಿರ ಅರ್ಧ ಗಂಟೆ ಕಾದು ಬಿಂದಿಗೆ ತುಂಬಿಸಿಕೊಂಡು ಒಬ್ಬಳೇ ಬರುವಾಗ.

ಯಾರ ಮನೆಯ ಮುಂದೆ, ಯಾರ ಮಣ್ಣು — ಈ ಟಾರು ರಸ್ತೆ, ಆ ನಲ್ಲಿ, ಸಭೆ ನಡೆದ ಕೊಠಡಿ, ಜಗದಾಂಬಾ ಒಗ್ಗರಣೆ ಹಾಕುವ ಅಡುಗೆಮನೆ, ಎಲ್ಲ ನಮ್ಮ ಹುಣಿಸೇಮರದ ಹೊಲ, ಚೈನು ಹಿಡಿದವರು ಬಂದು ನಿಂತ ರಾಗಿಯ ನಡುವೆಯೇ ಅಳೆದರು, ಗೂಟ ಹೊಡೆದರು, ಕೊಯ್ಲು ಮುಗಿಯಲಿ ಸ್ವಾಮಿ ಅಂದರೆ ಮುಗಿಸ್ಕೊಳ್ರಪ್ಪಾ ಬೇಡ ಅಂದೋರ್ಯಾರು ಅಂದರು, ಅದೇ ಕೊನೆಯ ಕೊಯ್ಲು, ಆಮೇಲೆ ಹೊಲಕ್ಕೆ ರಾಜಾಜಿನಗರ ಎಂದು ಹೆಸರು ಬಂತು, ನಮ್ಮ ಯಜಮಾನ ಹನುಮಂತಯ್ಯನಿಗೆ ಬಿನ್ನಿಪೇಟೆ ಕಡೆ ಗಿರಣಿ ಕೆಲಸ ಬಂತು, ನಮ್ಮದೇ ಹೊಲದ ಮೇಲೆ ನಮಗೊಂದು ಬಾಡಿಗೆ ಮನೆ ಬಂತು, ಇದಕ್ಕೆ ನಗುವವರಿಲ್ಲ, ನಗುವುದು ನನ್ನ ಬಾಗಿಲ ಮುಂದಿನ ಅಣ್ಣೆಗೆ. ಅಣ್ಣೆ ಕಳೆ ಎಂದು ನನಗೆ ಇವಳು ಹೇಳಿಕೊಡಬೇಕೆ, ಮದುವೆಯಾಗಿ ಬಂದ ಮೊದಲ ಮಳೆಗಾಲ, ಅತ್ತೆ ಮುನಿತಾಯಮ್ಮ ಮುಂದೆ ನಾನು ಹಿಂದೆ, ಕುಕ್ಕರಗಾಲಲ್ಲಿ ಕೂತು ಸಾಲು ಹಿಡಿದು ಕಳೆ ಕೀಳುತ್ತಾ, ಒಂದು ಅಣ್ಣೆ ಆಗಲೇ ತೆನೆ ಬಿಟ್ಟಿತ್ತು, ದೀಪದ ಕುಡಿಯ ಹಾಗೆ, ಬುಡ ಬಿಳುಪು ತುದಿ ಗುಲಾಬಿ, ಕೀಳಲು ಕೈ ಬರದೆ ಬಿಟ್ಟು ಮುಂದಕ್ಕೆ ಸರಿದೆ, ಬೆನ್ನಿಗೆ ದಬ್ಬನೆ ಒಂದು ಗುದ್ದು, ಚೆಂದ ಅಂತ ಬಿಟ್ಯೇನೇ ಮೂದೇವಿ, ರಾಗಿ ನುಂಗೋ ಚೆಂದ ಕಣೇ ಅದು, ಕಿತ್ತಾಕು, ಕಿತ್ತು ಬೇರು ಮೇಲಕ್ಕೆ ಮಾಡಿಡು, ಇಲ್ದಿದ್ರೆ ಇಬ್ಬನಿ ಕುಡ್ದು ಬೆಳಗ್ಗೆಗೆ ಎದ್ದು ಕೂತ್ಕೋತದೆ. ಬದುವಿನ ಉದ್ದಕ್ಕೂ ಬೇರು ಮೇಲಾಗಿ ಮಲಗಿದ ಅಣ್ಣೆ, ಬಿಳೀ ಬೇರು, ಸಂಜೆಗೆ ನೂಲಿನ ಹಾಗೆ ಒಣಗಿರುತ್ತಿತ್ತು. ಅದೇ ಅತ್ತೆ ದೀಪಾವಳಿಯ ಬೆಳಗ್ಗೆ ಬದುವಿನ ಆಚೆ ಉಳಿದ ಅಣ್ಣೆಯ ತೆನೆಗಳನ್ನು ಮಡಿಲು ತುಂಬ ಕಿತ್ತು ತರುತ್ತಿದ್ದಳು, ಹಸುವಿನ ಸಗಣಿಯ ಪುಟ್ಟ ಗುಪ್ಪೆ ಮಾಡಿ ಹೊಸಿಲ ಪಕ್ಕ ಕೂರಿಸಿ ನೆತ್ತಿಗೆ ಅಣ್ಣೆ ಸಿಕ್ಕಿಸಿ ಕೆರಕ ಇಡುತ್ತಿದ್ದಳು, ಹೊಲದೊಳಗೆ ಸಿಕ್ಕರೆ ಶತ್ರು, ಬದುವಿನ ಮೇಲೆ ಸಿಕ್ಕರೆ ದೇವರ ಹೂವು, ಅದು ನಮಗೂ ಅಣ್ಣೆಗೂ ಇದ್ದ ಜಗಳ, ನಮಗೂ ಅಣ್ಣೆಗೂ ಇದ್ದ ನಂಟು, ನಡುವೆ ಬಾಯಿ ಹಾಕಲು ಇವಳು ಯಾರು.

ನೆನ್ನೆಯ ಮಳೆಗೆ ಟಾರಿನ ಮೇಲೆ ನೀರು ಇಂಗದೆ ನಿಂತಿದೆ, ಹೊಲವಾಗಿದ್ದರೆ ಕುಡಿದುಬಿಡುತ್ತಿತ್ತು. ಆ ಕೊನೆಯ ಕೊಯ್ಲಿನಲ್ಲಿ, ಕಣದಲ್ಲಿ ರಾಗಿ ತೂರಿ ಕೇರಿ ಆದ ಮೇಲೆ ಮೊರದ ಮೂಲೆಯಲ್ಲಿ ಉಳಿದ ಕಪ್ಪು ಕಾಳು, ಸಾಸಿವೆಗಿಂತ ಸಣ್ಣ, ಇರುವೆಯ ಕಣ್ಣಿನ ಹಾಗೆ ಹೊಳೆಯುವ ಅಣ್ಣೆ ಬೀಜ, ಯಾವಾಗಲೂ ಉಫ್ ಎಂದು ಊದಿ ಎಸೆಯುತ್ತಿದ್ದದ್ದು, ಆವತ್ತು ಯಾಕೋ ಸೆರಗಿನ ತುದಿಗೆ ಕಟ್ಟಿಕೊಂಡೆ. ಈ ವರ್ಷ ಮುಂಗಾರು ಹಿಡಿದ ಮೇಲೆ ಬಾಗಿಲ ಮುಂದೆ ಚಾಪೆಯಗಲ ಜಾಗ ಅಗೆದೆ, ಮಣ್ಣೆಲ್ಲಿತ್ತು, ಬರೀ ಇಟ್ಟಿಗೆ ಚೂರು ಗಾರೆ ಚೂರು, ಆರಿಸಿ ಆರಿಸಿ ಉಗುರು ಸವೆಯಿತು, ಹಳೆ ಊರಿನ ಕೊಟ್ಟಿಗೆಯಿಂದ ಮಂಕರಿಯಲ್ಲಿ ಗೊಬ್ಬರ ಹೊತ್ತು ತಂದೆ, ಬೀಜಕ್ಕೆ ಮರಳು ಬೆರೆಸಿ ಉದುರಿಸಿದೆ, ಇಲ್ಲದಿದ್ದರೆ ಒಂದೇ ಕಡೆ ಗುಂಪು ಬೀಳುತ್ತದೆ, ಮೇಲೆ ಮಣ್ಣು ಮುಚ್ಚಬಾರದು, ಅಂಗೈಯಿಂದ ಸವರಿದರೆ ಸಾಕು, ಆಳಕ್ಕೆ ಹೋದರೆ ಮೇಲೆ ಬರುವುದಿಲ್ಲ, ಮೊಳಕೆ ಬಂದ ಮೇಲೆ ಒತ್ತಾದದ್ದನ್ನು ತೆಗೆದು ಸಾರಿಗೆ ಹಾಕಿದೆ, ಹುಳಕ್ಕೆ ಬೂದಿ ಎರಚಿದೆ, ಗೇಣುದ್ದವಾದಾಗ ಕುಡಿ ಚಿವುಟಿದೆ, ಚಿವುಟಿದರೆ ಕವಲೊಡೆದು ಒಂದರ ಬದಲು ನಾಲ್ಕು ತೆನೆ, ಗೊಬ್ಬರದ ಜೊತೆ ಎಲ್ಲಿಂದಲೋ ಬಂದ ಒಂದು ರಾಗಿ ಪೈರೂ ನಡುವೆ ಎದ್ದಿತ್ತು, ಇರಲಿ ಎಂದು ಬಿಟ್ಟೆ. ಯಜಮಾನ ಗಿರಣಿಯಿಂದ ಬಂದು ಸೊಂಟಕ್ಕೆ ಕೈ ಕೊಟ್ಟು ನಿಂತು ನಕ್ಕ, ಲೇ ನಿಮ್ಮಪ್ಪ ನೋಡಿದ್ರೆ ಎದೆ ಒಡ್ಕೊಂಡು ಸಾಯ್ತಿದ್ದ, ಅಣ್ಣೇಗೆ ಗೊಬ್ಬರ ಹಾಕ್ತಾವ್ಳೆ ನನ್ನ ಮಗಳು ಅಂತ, ಬೇಕಾದ್ರೆ ಹೇಳು ಕೆಂಗೇರಿ ಕಡೆ ಹೊಲದಾಗೆ ಕುರಿ ತಿಂದು ಮಿಕ್ಕೋವಷ್ಟು ಐತೆ ತಂದಾಕ್ತೀನಿ. ನಲ್ಲಿಯ ಹತ್ತಿರ ಹಳೆ ಊರಿನ ರಾಮಕ್ಕ, ಕಳೆ ಕೀಳೋ ಕೈಯಾಗೆ ಕಳೆ ಬಿತ್ತಾವ್ಳಲ್ಲಮ್ಮೋ, ಕಲಿಗಾಲ. ನಗಿರಿ. ಕೆಂಗೇರಿಯ ಅಣ್ಣೆ ಕೆಂಗೇರಿಯವರದ್ದು, ಇದು ಹುಣಿಸೇಮರದ ಹೊಲದ್ದು, ಆ ಹೊಲದಲ್ಲಿ ಹುಟ್ಟಿ ಇನ್ನೂ ಉಸಿರಾಡುತ್ತಿರುವುದು ಇದೊಂದೇ, ಒಂದು ಮಳೆಗಾಲದ ಬಾಳು, ಬೀಜ ಉದುರಿಸಿ ಸತ್ತರೆ ಮತ್ತೆ ಉಂಟು, ಉದುರಿಸದೆ ಸತ್ತರೆ ಅಲ್ಲಿಗೆ ಮುಗಿಯಿತು, ಸೆರಗಿನಲ್ಲಿ ಇದ್ದದ್ದನ್ನೆಲ್ಲ ಚೆಲ್ಲಿದ್ದೇನೆ, ಒಂದು ಚಿಟಿಕೆಯನ್ನೂ ಉಳಿಸಿಕೊಂಡಿಲ್ಲ, ಬಿತ್ತನೆ ರಾಗಿಯನ್ನು ಬೂದಿ ಬೆರೆಸಿ ಮಡಕೆಯಲ್ಲಿ ಎತ್ತಿಡುವ ಕುಲ ನಮ್ಮದು, ಅಣ್ಣೆ ಬೀಜ ಎತ್ತಿಟ್ಟವರು ನಮ್ಮ ಕುಲದಲ್ಲಿ ಯಾರಿದ್ದಾರೆ, ತಾನಾಗಿ ಬರುವುದಕ್ಕೆ ಎತ್ತಿಡುವುದು ಯಾಕೆ ಅಂದುಕೊಂಡೆ.

ಅತ್ತೆಗೆ ಹೇಳಿಲ್ಲ. ಕಣ್ಣಿಗೆ ಪೊರೆ ಬಂದು ಬೆಳಕು ಕತ್ತಲೆ ಬಿಟ್ಟು ಏನೂ ಕಾಣುವುದಿಲ್ಲ, ಈ ಮನೆಗೆ ಬಂದ ದಿನದಿಂದ ಹಿತ್ತಿಲ ಬಾಗಿಲಲ್ಲೇ ಕೂತಿದ್ದಾಳೆ, ಮುಂದಕ್ಕೆ ಬರುವುದಿಲ್ಲ, ಟಾರು ನಾರುತ್ತದಂತೆ, ಮೂರು ಮಾತಿಗೆ ಒಂದು ಮಾತು ಆಡುವುದಿಲ್ಲ, ಮೊದಲ ದೀಪಾವಳಿಗೆ ನಾನು ಸಗಣಿ ತಂದು ಕೆರಕ ಇಡತ್ತೆ ಅಂದರೆ ಮುಖ ತಿರುಗಿಸಿದಳು, ಹೊಲದ ಹೂವಿಲ್ದೆ ಎಂಥಾ ಕೆರಕ ಕಣೇ, ಹೊಲಾನೇ ಇಲ್ಲ, ಬುಡು. ಅವತ್ತಿನಿಂದ ಈ ಮನೆಯ ಹೊಸಿಲಿಗೆ ಕೆರಕ ಇಲ್ಲ. ಈ ದೀಪಾವಳಿಗೆ ಅಣ್ಣೆಯ ತೆನೆಗಳನ್ನು ಕಟ್ಟಾಗಿ ಅವಳ ಅಂಗೈಗೆ ಇಡಬೇಕು, ಮಾತಾಡಬಾರದು, ಬೆರಳೇ ಹೇಳಲಿ, ಆ ಬೆರಳುಗಳಿಗೆ ಗೊತ್ತಿಲ್ಲದ್ದೇನು, ಕಣ್ಣು ಮುಚ್ಚಿ ಬುಡ ಮುಟ್ಟಿ ಹೇಳುತ್ತಿದ್ದಳು, ರಾಗಿ ಬುಡ ಚಪ್ಪಟೆ, ಅಣ್ಣೆ ಬುಡ ಗುಂಡು, ಇಷ್ಟು ತಿಳೀದೋಳು ರೈತನ ಮನೇಲಿ ಯಾಕಿರಬೇಕು. ಇದನ್ನೆಲ್ಲ ಆ ಸಭೆಯಲ್ಲಿ ಹೇಳುವುದಕ್ಕಾಗುತ್ತದೆಯೆ, ಹೇಳಲಿಲ್ಲ, ಎದ್ದು ನಿಂತೆ, ಸಂಘದ ಅಧ್ಯಕ್ಷ ರೇವಣಸಿದ್ದಪ್ಪನವರು ಕನ್ನಡಕ ಮೂಗಿಗೆ ಇಳಿಸಿ ನೋಡಿದರು, ಏನಮ್ಮಾ, ನೀವೇ ಕಿತ್ತಾಕ್ತೀರೋ ಇಲ್ಲಾ ಆಳು ಕಳಿಸೋಣವೋ, ಕಳ್ಸಿ ಸ್ವಾಮಿ, ಅಂದೆ, ಕಳ್ಸಿ ನೋಡಿ, ಹೊಲ ಕೇಳಿದ್ರಿ ಕೊಟ್ವಿ, ಬಾವಿ ಮುಚ್ಚಿದ್ರಿ ಸುಮ್ಕಿದ್ವಿ, ಇನ್ನು ಆ ಚಾಪೆಯಗಲ ಮಣ್ಣಿಗೆ ಯಾರಾದ್ರೂ ಕೈ ಹಾಕಿದ್ರೆ ಆ ಕೈ ಮನೇಗೆ ವಾಪಸ್ ಬರಲ್ಲ. ಯಾರೂ ನಗಲಿಲ್ಲ. ಜಗದಾಂಬಾ ಸೆರಗು ಸರಿಮಾಡಿಕೊಂಡಳು. ರೇವಣಸಿದ್ದಪ್ಪನವರು ಕೆಮ್ಮಿ, ಆಯ್ತು ತಾಯಿ, ದೀಪಾವಳಿವರೆಗೂ ಇರ್ಲಿ ಬಿಡಿ, ನಿಮ್ಮ ಅಂಗಳ ಬಿಟ್ಟೇ ತೋರಿಸ್ತೀವಿ. ಗೆದ್ದೆ, ಗೆದ್ದವಳ ಹಾಗೆ ಯಾಕೆ ಅನಿಸುತ್ತಿಲ್ಲ, ನಮ್ಮ ಮಣ್ಣಿನಲ್ಲಿ ನಮ್ಮ ಹೂವು ಇರಲು ಇವರು ಗಡುವು ಕೊಡುವುದು, ಆಯ್ತು ಸ್ವಾಮಿ ಎಂದು ನಾನು ಕೈ ಮುಗಿಯುವುದು, ಮುಗಿದೆನಲ್ಲ, ಈ ಕೈಗೆ ಬೆಂಕಿ ಬೀಳ.

ಅಗೋ ಜಗದಾಂಬಾ ತನ್ನ ಕಾಂಪೌಂಡಿಗೆ ಒರಗಿ ನಿಂತಿದ್ದಾಳೆ, ನನಗಿಂತ ಮುಂಚೆ ಬಂದಿದ್ದಾಳೆ, ಜೀನಿಯಾಗಳ ಹಿಂದೆ, ನಗುತ್ತಿದ್ದಾಳೆ, ಇನ್ನೂ ಏನು ಉಳಿದಿದೆ ನಗಲು, ನನ್ನ ಕಡೆಗಲ್ಲ, ನಮ್ಮ ಮನೆಯ ಕಡೆ, ನಮ್ಮ ಬಾಗಿಲು ತೆರೆದಿದೆ, ಬಾಗಿಲ ಮುಂದೆ ಯಾರೋ ಕುಕ್ಕರಗಾಲಲ್ಲಿ, ಆ ಬೆನ್ನು, ಆ ಬೆನ್ನಿನ ಹಿಂದೆ ಎಷ್ಟು ಸಾಲು ನಡೆದಿದ್ದೇನೆ — ಅತ್ತೆ. ಮುಂದಕ್ಕೆ ಬಂದಿದ್ದಾಳೆ, ಮಳೆ ಬಿದ್ದ ಮಣ್ಣಿನ ವಾಸನೆಗೆ ಬಂದಿದ್ದಾಳೆ, ಮೊಣಕೈವರೆಗೆ ಕೆಸರು, ತುಟಿ ಮೇಲೆ ಏನೋ ಹಳೆಯ ಪದ ಗುನುಗು, ನಾನು ಅಗೆದ ಮಡಿ ನುಣ್ಣಗಿದೆ, ಅಂಗೈಯಂತೆ ನುಣ್ಣಗಿದೆ, ಬಿಂದಿಗೆ ಎಲ್ಲಿಟ್ಟೆ, ಕಾಲ ಮೇಲೆ ನೀರು ಹರಿಯುತ್ತಿದೆ. ಜಗದಾಂಬಾ ಅಲ್ಲಿಂದಲೇ, ಬಿಡಿ ಬೋರಮ್ಮನವ್ರೇ, ನಿಮ್ಮತ್ತೇನೇ ಕ್ಲೀನು ಮಾಡ್ಬಿಟ್ರು, ನೋಡ್ತಾ ನಿಂತಿದ್ರಾ, ಅಂದೆ, ನೋಡ್ತಾ ನಿಂತಿದ್ರೇನ್ರೀ, ಅದಕ್ಕವಳು, ನಾನ್ಯಾಕಮ್ಮಾ ತಡೀಲಿ ನಿಮ್ಮನೇವ್ರೇ ಅಲ್ವೇ — ಆ ಕೈ ಮನೆಗೆ ವಾಪಸ್ ಬರಲ್ಲ ಎಂದೆ, ಸಭೆಯ ನಡುವೆ ನಿಂತು ಎಂದೆ, ಕೈ ಇಲ್ಲಿದೆ, ಸುಕ್ಕು ಬಿದ್ದ ಕೈ, ನನ್ನ ಹೆಜ್ಜೆ ಸದ್ದಿಗೆ ಅತ್ತೆ ಮುಖ ಎತ್ತುತ್ತಿದ್ದಾಳೆ, ಬೋರೀ, ಬಂದ್ಯೇನೇ, ಹೊಲ ಹಿಂಗಾ ಬುಡೋದು, ಬರೀ ಅಣ್ಣೆ ಕಣೇ, ರಾಗೀನೆಲ್ಲಾ ನುಂಗ್ಬುಟ್ಟಿತ್ತು, ನೀನು ಮದ್ವೆಯಾಗಿ ಬಂದಾಗ್ಲೂ ಹಿಂಗೇ, ಒಂದೇ ಒಂದು ಸಿಕ್ತು ನೋಡು, ಚಪ್ಪಟೆ ಬುಡ, ಮಣ್ಣು ಕೊಟ್ಟಿವ್ನಿ, ಬದಿಕ್ಕೋತದೆ. ಹೌದು, ನಡುವೆ ಆ ಒಂದು ರಾಗಿ ಪೈರು, ಬುಡದ ಸುತ್ತ ಗುಡ್ಡೆ ಮಾಡಿದ ಮಣ್ಣು, ಮಣ್ಣಿನ ಮೇಲೆ ಐದು ಬೆರಳಿನ ಗುರುತು, ಮೂರು ಮಾತಿಗೆ ಒಂದು ಆಡದವಳು ಇಷ್ಟು ಮಾತಾಡುತ್ತಿದ್ದಾಳೆ, ನಗುತ್ತಿದ್ದಾಳೆ, ಹೊಲ ಹೋದ ಮೇಲೆ ಈ ಹಲ್ಲಿಲ್ಲದ ಬಾಯಿ ನಕ್ಕದ್ದನ್ನು ನಾನು ನೋಡಿಯೇ ಇಲ್ಲ, ಯಾರನ್ನು ಬಯ್ಯಲಿ, ಬಾಯಿ ತುಂಬ ಬೈಗುಳ ಇದೆ, ಚೈನಿನವರಿಂದ ಹಿಡಿದು ಜೀನಿಯಾದವರೆಗೆ ಎಲ್ಲರಿಗೂ ಆಗುವಷ್ಟಿದೆ, ಈ ಮುಖಕ್ಕೆ ಎಸೆಯಲು ಒಂದೂ ಇಲ್ಲ, ಹೊಸಿಲ ಪಕ್ಕ, ಕೆರಕ ಕೂರಬೇಕಿದ್ದ ಜಾಗದಲ್ಲಿ, ಸಾಲಾಗಿ ಜೋಡಿಸಿದ್ದಾಳೆ, ಚಿವುಟಿ ಕವಲೊಡೆಸಿದ ನನ್ನ ಅಣ್ಣೆ, ಒಂದೆರಡರಲ್ಲಿ ತುದಿ ಆಗಲೇ ಗುಲಾಬಿ, ಬೀಜ ಕಟ್ಟಿಲ್ಲ, ಒಂದರಲ್ಲೂ ಬೀಜ ಕಟ್ಟಿಲ್ಲ, ಬಿಸಿಲು ಏರುತ್ತಿದೆ, ತಿರುಗಿಸಿ ನೆಟ್ಟರೆ, ಈಗಲೇ ನೆಟ್ಟರೆ, ಬಗ್ಗುತ್ತೇನೆ, ಕೈ ಚಾಚುತ್ತೇನೆ, ಬೋರೀ, ಬೇರು ಮೇಲಕ್ಕೇ ಮಾಡಿವ್ನಿ ತಾನೆ, ನಂಗೆ ಕಾಣಾಕಿಲ್ಲ, ನೋಡಿ ಹೇಳೇ — ಹೂಂ ಅತ್ತೆ, ಮೇಲಕ್ಕೇ ಅವೆ — ಎಲ್ಲಾನೂವಾ — ಹೂಂ, ಎಲ್ಲಾನೂ — ಬೇರು ಮೇಲಕ್ಕೆ, ಬಿಳೀ ಬೇರು, ಬಿಸಿಲಿಗೆ, ಒಂದೊಂದೂ, ಮೇಲಕ್ಕೆ, ಬಿಳೀ ಬೇರು